ಮಕ್ಕಳ ನಿಯಮವೂ ಮನೆಯ ಅಡಿಗೆಯೂ



ಕಡೂರಿನ ಕ್ರಿ.ಶ. 971ರ ಶಾಸನವೊಂದು ಗಂಗ ದೊರೆ ಬೂತುಗನ ಅಕ್ಕ ಪಾಂಬಬ್ಬೆಯನ್ನು ಸ್ಮರಿಸುತ್ತದೆ. ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷ ತಪವನ್ನಾಚರಿಸಿ, ಪಂಚವ್ರತಗಳನ್ನು ಪಾಲಿಸುತ್ತ ಆಕೆ ಮುಡಿಪಿದಳು. ಆಕೆ ನಾಣಬ್ಬೆ ಕಂತಿಯ ಶಿಷ್ಯೆ. ಅರಸುಮನೆತನದ ಹೆಣ್ಣುಮಗಳಿಗೂ ವ್ರತದ ದಾರಿಯನ್ನು ತೋರಿಸಿಕೊಡುವವರೊಬ್ಬರು ಬೇಕಾಗಿತ್ತು. ಹಾಗಿರುವಲ್ಲಿ ಅದೇ ಸೀಮೆಯ ಇಂದಿನ ಎಳೆಯರಿಗೆ, ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆ ಚದುರಿರುವ ಜೈನ ಮನೆಗಳ ಮಕ್ಕಳಿಗೆ, ಧರ್ಮಪಾಠಶಾಲೆ ಎಂತಹ ಆಸರೆಯಾಗಬೇಕೆಂಬುದು ಈ ಪಾಠದ ವಿಷಯ.

ಜಿನಸೇನಾಚಾರ್ಯರ ಆದಿಪುರಾಣವು ಐದನೆಯ ವರ್ಷಕ್ಕೆ ಲಿಪಿಸಂಖ್ಯಾನ ಕ್ರಿಯೆಯನ್ನೂ ಎಂಟನೆಯ ವರ್ಷಕ್ಕೆ ಉಪನೀತಿಯನ್ನೂ ಹೇಳಿ, ಆಮೇಲೆ ವ್ರತಚರ್ಯೆಯನ್ನು ವಿಧಿಸುತ್ತದೆ. ವಿದ್ಯಾಭ್ಯಾಸ ಮುಗಿದಾಗ ವ್ರತಾವತರಣ. ಆಗ ವಿದ್ಯಾರ್ಥಿದೆಸೆಯ ವಿಶೇಷ ಕಟ್ಟುಗಳು ಕಳಚುತ್ತವೆ. ಮಧು, ಮಾಂಸ, ಪಂಚ ಉದುಂಬರಗಳ ತ್ಯಾಗವೂ ಸ್ಥೂಲ ಹಿಂಸಾದಿಗಳ ತ್ಯಾಗವೂ ಜೀವನವಿಡೀ ಉಳಿಯುತ್ತವೆ. ರತ್ನಕರಂಡಕದಲ್ಲಿ ಸಮಂತಭದ್ರಾಚಾರ್ಯರು ಇದೇ ಭೇದವನ್ನು ಸ್ಪಷ್ಟಪಡಿಸಿದ್ದಾರೆ: ಕಾಲಮಿತಿಯುಳ್ಳದ್ದು ನಿಯಮ, ಬದುಕಿರುವವರೆಗಿನದು ಯಮ. ದಶಲಕ್ಷಣ ಪರ್ವದ ಉತ್ಸಾಹದಲ್ಲಿ ಒಂಬತ್ತು ವರ್ಷದ ಬಾಲಕನಿಂದ ಆಜೀವನ ತ್ಯಾಗಗಳನ್ನು ಹೇಳಿಸಿ ಸಭೆಯಲ್ಲಿ ಹೊಗಳುವುದು ನಮಗೆ ಸರಿಯೆನಿಸುವುದಿಲ್ಲ. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ಎಂದು ಎಲ್ಲೆ ಹಾಕಿ ಕೊಟ್ಟರೆ ಸಾಕು. ಚತುರಾಹಾರ ತ್ಯಾಗದ ಉಪವಾಸಕ್ಕಿಂತ ಮೊದಲು ಒಪ್ಪೊತ್ತಿನ ಅಭ್ಯಾಸವಾಗಲಿ. ಷೋಡಶ ಭಾವನೆಗಳಲ್ಲಿ ತ್ಯಾಗಕ್ಕೂ ತಪಕ್ಕೂ 'ಶಕ್ತಿತಃ' ಎಂಬ ವಿಶೇಷಣವಿರುವುದು ವ್ಯರ್ಥವಲ್ಲ.

ಆಚಾರ್ಯರ ಹೆಸರನ್ನೇ ಹೊತ್ತಿದ್ದ ಮುನಿ ಸಮಂತಭದ್ರ ಮಹಾರಾಜರು (1891–1988) ಮುನಿದೀಕ್ಷೆಗೆ ಬಹು ಮೊದಲೇ, 1918ರಲ್ಲಿ ಕಾರಂಜಾದಲ್ಲಿಯೂ 1934ರಲ್ಲಿ ಕುಂಭೋಜದಲ್ಲಿಯೂ ಬ್ರಹ್ಮಚರ್ಯಾಶ್ರಮಗಳನ್ನು ಸ್ಥಾಪಿಸಿದರು. ಶಾಲಾವಿದ್ಯೆ, ಧರ್ಮಪಾಠ, ಅನ್ನ, ವಸತಿ ಒಂದೆಡೆ ದೊರೆತುದರಿಂದ ಬಡ ತಂದೆತಾಯಿಗಳ ಭಾರ ಇಳಿಯಿತು. ಗುರುಕುಲದಲ್ಲಿ ಇನ್ನೊಂದು ಅನುಕೂಲವುಂಟು: ಸೂರ್ಯಾಸ್ತಕ್ಕೆ ಮುನ್ನ ಊಟದ ಗಂಟೆ ಬಾರಿಸುತ್ತದೆ, ರಾತ್ರಿಭೋಜನ ತ್ಯಾಗಕ್ಕೆ ಬಾಲಕನೊಬ್ಬನೇ ಹೆಣಗಬೇಕಿಲ್ಲ. ವಾರಕ್ಕೊಮ್ಮೆಯ ಪಾಠಶಾಲೆಯ ಮಗುವಾದರೋ ಮನೆಗೆ ಮರಳುತ್ತದೆ. ಅಡಕೆ ಸುಲಿಯುವ ಕಾಲದಲ್ಲಿ ಮನೆಯವರೆಲ್ಲ ಕತ್ತಲಾದ ಮೇಲೂ ಕೆಲಸದಲ್ಲಿರುತ್ತಾರೆ. ಆ ಒಂದು ಮಗುವಿಗಾಗಿ ಐದು ಗಂಟೆಗೆ ಒಲೆ ಹಚ್ಚುವವರು ಯಾರು? ತಾಯಿ. ಆದುದರಿಂದ ಮಗುವಿಗೆ ನಿಯಮ ಕೊಡುವ ಮುನ್ನ ಅಧ್ಯಾಪಕರು ತಾಯಿಯೊಡನೆ ಮಾತನಾಡಬೇಕು. ಆಕೆಗೆ ಆಗದ ತಿಂಗಳಲ್ಲಿ ಅಷ್ಟಮಿ, ಚತುರ್ದಶಿಗಳಿಗೆ ಮಾತ್ರ ನಿಯಮವಿರಲಿ.

ಇನ್ನು ಕಂದಮೂಲದ ಪ್ರಶ್ನೆ. ಅಜ್ಜಂಪುರದ ಸುತ್ತಿನ ಹೊಲಗಳಲ್ಲಿ ಈರುಳ್ಳಿ ಮುಖ್ಯ ಬೆಳೆ. ಅಲ್ಪಫಲ, ಬಹುವಿಘಾತವೆಂದು ರತ್ನಕರಂಡಕವು ಮೂಲಂಗಿಯನ್ನೂ ಹಸಿ ಶುಂಠಿಯನ್ನೂ ಹೆಸರಿಸಿದೆ. ಅದೇ ನ್ಯಾಯದಿಂದ ನಾವು ಈರುಳ್ಳಿಯನ್ನೂ ಬಿಡುತ್ತೇವೆ. ಇದನ್ನು ಕಲಿತ ಮಗು, "ಹಾಗಾದರೆ ಅಪ್ಪ ಬೆಳೆಯುವುದು ಪಾಪವೇ?" ಎಂದು ಕೇಳಿದರೆ ಅಧ್ಯಾಪಕರು ಹೌದೆಂದು ತಲೆಯಾಡಿಸಿ ಮುಂದಿನ ಪಾಠಕ್ಕೆ ಹೋಗಬಾರದು. ಗೃಹಸ್ಥನು ಬಿಡುವುದು ಸಂಕಲ್ಪೀ ಹಿಂಸೆಯನ್ನು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಅವನು ಪೂರ್ಣವಾಗಿ ಬಿಡಲಾರ, ಕುಗ್ಗಿಸಬಲ್ಲ. ಈ ನಾಲ್ಕರ ಭೇದವನ್ನು ತಿಳಿಸದೆ ತಟ್ಟೆಯ ತ್ಯಾಗವನ್ನಷ್ಟೇ ಕಲಿಸಿದರೆ ಹತ್ತು ವರ್ಷದ ಹುಡುಗ ತಂದೆಗೆ ನ್ಯಾಯಾಧೀಶನಾಗಿ ಕೂರುತ್ತಾನೆ. ಆ ಮನೆಯಿಂದ ಮರುವಾರ ಪಾಠಶಾಲೆಗೆ ಯಾರೂ ಬರಲಿಕ್ಕಿಲ್ಲ.

ಶಾಲೆಯ ಮಧ್ಯಾಹ್ನದ ಊಟ ಇದಕ್ಕಿಂತಲೂ ಸೂಕ್ಷ್ಮ. 2002ರಲ್ಲಿ ರಾಜ್ಯದಲ್ಲಿ ಆರಂಭವಾದ ಅಕ್ಷರ ದಾಸೋಹ ಎಷ್ಟೋ ಮಕ್ಕಳ ಹಸಿವನ್ನು ನೀಗಿದೆ. 2022ರಲ್ಲಿ ಮೊಟ್ಟೆಯನ್ನು ರಾಜ್ಯದಾದ್ಯಂತ ವಿಸ್ತರಿಸಿದಾಗ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುವ ಏರ್ಪಾಡಾಯಿತು. ಈರುಳ್ಳಿ ಬಿದ್ದ ಸಾರಿಗೆ ಅಂತಹ ಬದಲಿ ಇಲ್ಲ. ಆಗ ಮಗು ಗೆಳೆಯರೆದುರು ನಾಚಿ, ಹೊಟ್ಟೆನೋವೆಂದು ಹೇಳಿ ಹಸಿದು ಕೂರಬಹುದು. ಕಂದಮೂಲ ತ್ಯಾಗ ಉಳಿಯಿತು, ಸತ್ಯಾಣುವ್ರತಕ್ಕೆ ಅತಿಚಾರ ತಗುಲಿತು! ಎರಡರಲ್ಲಿ ಯಾವುದು ಹಿರಿದೆಂದು ಮಗುವಿಗೆ ಯಾರೂ ಹೇಳಿರುವುದಿಲ್ಲ. ತಂದೆಯೂ ಪಾಠಶಾಲೆಯ ಅಧ್ಯಾಪಕರೂ ಜೊತೆಗೂಡಿ ಮುಖ್ಯೋಪಾಧ್ಯಾಯರಲ್ಲಿಗೆ ಹೋಗಿ ವಿಷಯವನ್ನು ನೇರವಾಗಿ ತಿಳಿಸಬೇಕು. ಅನ್ನ ಅಲ್ಲಿಯದಿರಲಿ, ಮನೆಯಿಂದ ಒಂದು ಡಬ್ಬಿ ತೊವ್ವೆ ಹೋಗಲಿ. ಅದೂ ಆಗದಿದ್ದರೆ ನಿಯಮ ಕೊಡುವಾಗಲೇ ಕಾಲದಂತೆ ಕ್ಷೇತ್ರಕ್ಕೂ ಎಲ್ಲೆ ಹೇಳಿ, "ಮನೆಯ ಊಟದಲ್ಲಿ, ಇಷ್ಟು ದಿನ" ಎಂದು ಮಗುವಿನ ಬಾಯಿಂದಲೇ ನುಡಿಸಿರಿ.