ತೂಕದ ಏರಿಳಿತವೂ ಮೈಯೊಳಗಿನ ನೀರೂ

ನನ್ನ ತರಗತಿಯಲ್ಲಿ ಹಾನಗಲ್ಲಿನ ತರುಣನೊಬ್ಬನಿದ್ದನು. ಮೈತೂಕವನ್ನು ಇಳಿಸಬೇಕೆಂಬ ಸಂಕಲ್ಪದಿಂದ ಅವನು ದಿನಾಲೂ ಬೆಳಗಿನಲ್ಲಿ ಆನೆಕೆರೆಯ ಕಡೆಗೆ ಒಂದು ಗಂಟೆ ಬಿರುಸಾಗಿ ನಡೆದು ಬರುತ್ತಿದ್ದನು. ರಾತ್ರಿಯ ಊಟವನ್ನು ಅರ್ಧಕ್ಕೆ ಇಳಿಸಿದ್ದನು. ನಡೆದು ಬಂದೊಡನೆ ತಕ್ಕಡಿಯ ಮೇಲೆ ನಿಂತು, ಅದು ತೋರಿಸಿದ ಅಂಕೆಯನ್ನು ವಹಿಯಲ್ಲಿ ಬರೆದಿಡುವುದು ಅವನ ಪರಿಪಾಠ. ಮೊದಲು 72 ಕಿಲೋಗ್ರಾಂ ಇದ್ದ ತೂಕವು ಒಂದೇ ವಾರದಲ್ಲಿ 70.6 ಕ್ಕೆ ಇಳಿಯಿತು. ಭಾನುವಾರ ಹಿರೇಕೆರೂರಿನಲ್ಲಿ ಬಂಧುಗಳ ಮದುವೆ. ಸೋಮವಾರ ತಕ್ಕಡಿ ತೋರಿಸಿದ್ದು 71.9! ವಹಿಯನ್ನು ನನ್ನ ಮೇಜಿನ ಮೇಲಿಟ್ಟು, “ಸರ್, ನಾ ನಡದದ್ದೆಲ್ಲಾ ನೀರಾಗ ಹೋಮ ಮಾಡಿದಂಗಾತ್ರಿ” ಎಂದನು. ಅಂದಿನಿಂದ ನಡಿಗೆಯನ್ನೇ ಬಿಟ್ಟುಬಿಡುವ ವಿಚಾರ ಅವನದು.

ನೀರು ಎಂಬ ಮಾತನ್ನು ಅವನು ಗಾದೆಗಾಗಿ ಬಳಸಿದ್ದನಾದರೂ ಪ್ರಶ್ನೆಯ ಉತ್ತರವು ಆ ಮಾತಿನಲ್ಲಿಯೇ ಅಡಗಿತ್ತು. ಅದು ಹೇಗೆಂಬುದನ್ನು ವಿಚಾರಿಸೋಣ.

ಮೊದಲು ಮದುವೆಯ ಊಟದ ಮೇಲಿನ ಅಪವಾದವನ್ನು ಪರೀಕ್ಷಿಸಬೇಕು. ದೇಹದಲ್ಲಿ ಒಂದು ಕಿಲೋಗ್ರಾಂ ಕೊಬ್ಬು ಶೇಖರವಾಗಬೇಕಾದರೆ, ನಿತ್ಯದ ವೆಚ್ಚವನ್ನು ಕಳೆದು ಸುಮಾರು 7700 ಕಿಲೋಕ್ಯಾಲೊರಿ ಶಕ್ತಿಯು ಆಹಾರದಲ್ಲಿ ಹೆಚ್ಚಾಗಿ ದೊರೆಯಬೇಕು. ಆ ಲೆಕ್ಕದಂತೆ 1.3 ಕಿಲೋಗ್ರಾಂ ಕೊಬ್ಬಿಗೆ ಹತ್ತು ಸಾವಿರ ಕಿಲೋಕ್ಯಾಲೊರಿ ಬೇಕು. ಒಂದು ಹೋಳಿಗೆಗೆ 250 ಎಂದಿಟ್ಟುಕೊಂಡರೆ, ತನ್ನ ಎಂದಿನ ಊಟವಲ್ಲದೆ ಅವನು ನಲವತ್ತು ಹೋಳಿಗೆಗಳನ್ನು ತಿಂದಿರಬೇಕಾಯಿತು! ತಾನು ತಿಂದದ್ದು ನಾಲ್ಕು ಎಂದು ಅವನು ಒಪ್ಪಿಕೊಂಡನು. ಆದುದರಿಂದ ಒಂದೇ ದಿನದಲ್ಲಿ ಬಂದ ತೂಕದ ಬಹುಭಾಗವು ಕೊಬ್ಬಾಗಿರುವುದು ಅಸಂಭವ.

ತಕ್ಕಡಿಗೆ ಕೊಬ್ಬು, ಸ್ನಾಯು, ರಕ್ತ, ಹೊಟ್ಟೆಯಲ್ಲಿನ ರೊಟ್ಟಿ, ಕುಡಿದ ನೀರು ಎಂಬ ಭೇದವಿಲ್ಲ. ಎಲ್ಲದರ ಮೊತ್ತವನ್ನು ಅದು ಒಂದೇ ಅಂಕೆಯಲ್ಲಿ ಹೇಳುತ್ತದೆ. (ಚಾಪೆಯ ಮೇಲಿಟ್ಟರೆ ಅದನ್ನೂ ಸರಿಯಾಗಿ ಹೇಳಲಾರದು, ಗಟ್ಟಿ ನೆಲದ ಮೇಲಿಡಬೇಕು.) ಆ ಮೊತ್ತವು ಗಳಿಗೆ ಗಳಿಗೆಗೂ ಬದಲಾಗುತ್ತಿರುವುದನ್ನು ಮೊದಲು ತಾಳ್ಮೆಯಿಂದ ಅಳೆದವನು ಇಟಲಿಯ ಪಾದುವಾ ನಗರದ ವೈದ್ಯ ಸಾಂಕ್ಟೋರಿಯಸ್. ದೊಡ್ಡ ತಕ್ಕಡಿಯಿಂದ ಕುರ್ಚಿಯೊಂದನ್ನು ತೂಗಹಾಕಿ, ಅದರಲ್ಲಿ ತಾನೇ ಕುಳಿತು, ಉಂಡದ್ದನ್ನೂ ವಿಸರ್ಜಿಸಿದ್ದನ್ನೂ ಅವನು ವರ್ಷಗಟ್ಟಲೆ ತೂಗಿದನು. ಫಲಿತಗಳನ್ನು 1614ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಸೇವಿಸಿದ ಅನ್ನಪಾನಗಳ ತೂಕದಲ್ಲಿ ಅರ್ಧಕ್ಕಿಂತಲೂ ಹೆಚ್ಚು ಪಾಲು ಕಣ್ಣಿಗೆ ಕಾಣದ ರೀತಿಯಲ್ಲಿ ಮೈಯಿಂದ ಹೊರಟುಹೋಗುವುದೆಂದು ಅವನಿಗೆ ಕಂಡುಬಂದಿತು. ಚರ್ಮದಿಂದಲೂ ಉಸಿರಿನಿಂದಲೂ ಆವಿಯಾಗಿ ಹೋಗುವ ನೀರೇ ಆ ಅದೃಶ್ಯ ನಷ್ಟದ ಮುಖ್ಯಾಂಶ.

ಇನ್ನು ನಮ್ಮ ತರುಣನ ಒಂದು ಗಂಟೆಯ ನಡಿಗೆಯನ್ನು ತೆಗೆದುಕೊಳ್ಳಿರಿ. ಅದರಲ್ಲಿ ವ್ಯಯವಾಗುವ ಶಕ್ತಿ ಸುಮಾರು 300 ಕಿಲೋಕ್ಯಾಲೊರಿ. ಇದೆಲ್ಲವೂ ಕೊಬ್ಬಿನಿಂದಲೇ ಬಂದಿತೆಂದು ಭಾವಿಸಿದರೂ ಕರಗುವ ಕೊಬ್ಬು ಸುಮಾರು 40 ಗ್ರಾಂ ಮಾತ್ರ. ಆದರೆ ಸ್ನಾಯುಗಳು ಒಳ್ಳೆಯ ಯಂತ್ರಗಳಲ್ಲ. ಪಡೆದ ಶಕ್ತಿಯಲ್ಲಿ ಐದನೆಯ ಒಂದು ಭಾಗವನ್ನೋ ಸ್ವಲ್ಪ ಹೆಚ್ಚನ್ನೋ ಕೆಲಸಕ್ಕೆ ತಿರುಗಿಸಿ ಉಳಿದುದನ್ನು ಉಷ್ಣವಾಗಿ ಬಿಡುತ್ತವೆ. ಹೀಗೆ ಸುಮಾರು 240 ಕಿಲೋಕ್ಯಾಲೊರಿ ಉಷ್ಣವನ್ನು ದೇಹವು ಹೊರಹಾಕಬೇಕು. ಬೆವರು ಆವಿಯಾಗುವಾಗ ಹೀರಿಕೊಳ್ಳುವ ಗುಪ್ತೋಷ್ಣವು ಕಿಲೋಗ್ರಾಂ ಒಂದಕ್ಕೆ ಸುಮಾರು 580 ಕಿಲೋಕ್ಯಾಲೊರಿ. ಉಷ್ಣವೆಲ್ಲ ಬೆವರಿನ ಮೂಲಕವೇ ಹೋಗಬೇಕಾದರೆ 240ನ್ನು 580ರಿಂದ ಭಾಗಿಸಿರಿ: 400 ಗ್ರಾಂಗಳಿಗೆ ಸ್ವಲ್ಪ ಮೇಲಾಯಿತು. ಅಂದರೆ ಒಂದು ಗ್ರಾಂ ಕೊಬ್ಬಿಗೆ ಹತ್ತು ಗ್ರಾಂ ಬೆವರು! ತಂಪಾದ ಬೆಳಗಿನಲ್ಲಿ ಗಾಳಿಯೂ ಸ್ವಲ್ಪ ಉಷ್ಣವನ್ನು ಒಯ್ಯುವುದರಿಂದ ಬೆವರು ಇಷ್ಟು ಬೇಕಾಗದು. ಮಳೆಗಾಲದಲ್ಲಿ, ಗಾಳಿಯಲ್ಲಿ ತೇವ ತುಂಬಿರುವಾಗ, ಬೆವರು ಆರದೆ ತೊಟ್ಟಿಕ್ಕುತ್ತದೆ. ತೂಕ ಕಡಿಮೆಯಾಗುತ್ತದೆ, ಮೈ ಮಾತ್ರ ತಣ್ಣಗಾಗದು.

ಶಿಗ್ಗಾಂವಿಯಿಂದ ಸವಣೂರಿನವರೆಗೆ ಕಾಲ್ನಡಿಗೆಯಲ್ಲಿ ಹೋದವನಿಗೂ ಕರಗುವ ಕೊಬ್ಬು ನೂರು ಗ್ರಾಂಗಳ ಆಚೀಚೆ ಇದ್ದೀತು. ಅಲ್ಲಿ ಎರಡು ಲೋಟ ಮಜ್ಜಿಗೆ ಕುಡಿದರೆ ತಕ್ಕಡಿಯ ಪಾಲಿಗೆ ಅವನು 400 ಗ್ರಾಂ ದಪ್ಪನಾದನು. ಕರಗಿದ ಕೊಬ್ಬು ಮಾತ್ರ ಮರಳಿ ಬರಲಿಲ್ಲ. ಅದು ಎಲ್ಲಿಗೆ ಹೋಯಿತೆಂದು ಕೇಳಿದರೆ, ಬಹುಪಾಲು ಉಸಿರಿನಲ್ಲಿ. 10 ಕಿಲೋಗ್ರಾಂ ಕೊಬ್ಬು ಪೂರ್ಣವಾಗಿ ಉತ್ಕರ್ಷಿತವಾದಾಗ ಅದರ ತೂಕದಲ್ಲಿ 8.4 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಾಗಿ ಶ್ವಾಸಕೋಶಗಳಿಂದಲೂ 1.6 ಕಿಲೋಗ್ರಾಂ ನೀರಾಗಿಯೂ ಹೊರಬೀಳುವುದೆಂದು ಮೀರ್ಮನ್ ಮತ್ತು ಬ್ರೌನ್ ಎಂಬವರು 2014ರಲ್ಲಿ ಲೆಕ್ಕಹಾಕಿ ತೋರಿಸಿದರು.

ಮೊದಲ ವಾರ ಇಳಿದ 1.4 ಕಿಲೋಗ್ರಾಂ ಹಾಗಾದರೆ ಏನು? ನಮ್ಮ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಗ್ಲೈಕೋಜನ್ ಎಂಬ ಪಿಷ್ಟರೂಪದ ಪದಾರ್ಥ ಸಂಗ್ರಹವಾಗಿರುತ್ತದೆ. ಪ್ರತಿಯೊಂದು ಗ್ರಾಂ ಗ್ಲೈಕೋಜನ್ನಿನೊಡನೆ ಸುಮಾರು 3 ಗ್ರಾಂ ನೀರು ಹಿಡಿದಿಡಲ್ಪಡುತ್ತದೆ. ಊಟ ಕಡಿಮೆಮಾಡಿ ನಡೆಯತೊಡಗಿದವನಲ್ಲಿ ಮೊದಲು ಖರ್ಚಾಗುವ ಉಗ್ರಾಣವಿದು. 300 ಗ್ರಾಂ ಖರ್ಚಾದರೆ ತನ್ನ ನೀರಿನೊಡನೆ ಹೋಗುವುದು 1.2 ಕಿಲೋಗ್ರಾಂ. ಹೋಳಿಗೆ, ಅನ್ನಗಳು ಬಿದ್ದೊಡನೆ ಉಗ್ರಾಣ ತುಂಬತೊಡಗುತ್ತದೆ, ನೀರೂ ಮರಳುತ್ತದೆ.

ಉಪ್ಪಿನ ಮಾತು ಬೇರೆ. ದೇಹವು ತನ್ನ ದ್ರವಗಳ ಲವಣಾಂಶವನ್ನು ಬಹುಮಟ್ಟಿಗೆ ಸ್ಥಿರವಾಗಿಡುತ್ತದೆ. 9 ಗ್ರಾಂ ಉಪ್ಪಿಗೆ ಹೆಚ್ಚುಕಡಿಮೆ ಒಂದು ಲೀಟರು ನೀರು ಎಂಬುದು ಅದರ ಪ್ರಮಾಣ. ಉಪ್ಪಿನಕಾಯಿ, ಹಪ್ಪಳ, ಅಥವಾ ಪ್ರಸಿದ್ಧವಾದ ಸವಣೂರು ಖಾರ, ಇವುಗಳಿಂದ ಮೂರು ಗ್ರಾಂ ಉಪ್ಪು ಹೆಚ್ಚಾಗಿ ಒಳಸೇರಿದರೆ, ಮೂತ್ರಪಿಂಡಗಳು ಅದನ್ನು ಒಂದೆರಡು ದಿನಗಳಲ್ಲಿ ಹೊರಹಾಕುವವರೆಗೆ ಮೂರನೆಯ ಒಂದು ಲೀಟರಿನಷ್ಟು ನೀರು ಒಳಗೇ ನಿಂತೀತು. ಇದರ ಮೇಲೆ ಕರುಳಿನಲ್ಲಿ ಇನ್ನೂ ಪ್ರಯಾಣದಲ್ಲಿರುವ ಊಟದ ಸ್ವಂತ ತೂಕವನ್ನು ಕೂಡಿಸಿರಿ. ಸೋಮವಾರದ 1.3 ಕಿಲೋಗ್ರಾಂಗೆ ಲೆಕ್ಕ ದೊರೆಯಿತು.

ಸವಣೂರಿನ ದೊಡ್ಡಹುಣಸೇಮಠದ ಆವರಣದ ಬಾವೊಬಾಬ್ ಮರಗಳನ್ನು ನೋಡದವರು ಒಮ್ಮೆ ಹೋಗಿ ನೋಡಬೇಕು. ಹಲವರು ಕೈಕೈ ಹಿಡಿದರೂ ತಬ್ಬಲಾಗದ ಆ ಕಾಂಡದ ಮೆದುವಾದ ಮರದಲ್ಲಿ ಬಹುಭಾಗ ನೀರು. ಮಡಗಾಸ್ಕರ್ ದ್ವೀಪದ ಬಾವೊಬಾಬ್‌ಗಳನ್ನು ಅಳೆದವರು, ಮಳೆಗೆ ಮುಂಚೆ ಹೊಸ ಎಲೆ ಚಿಗುರುವಾಗ ಕಾಂಡವು ತುಸು ಕುಗ್ಗುವುದನ್ನೂ ಮಳೆ ಬಂದ ಮೇಲೆ ಮತ್ತೆ ಉಬ್ಬುವುದನ್ನೂ ಕಂಡಿದ್ದಾರೆ. ಬೇಸಗೆಯ ಕೊನೆಯಲ್ಲಿ ಒಂದೇ ಸಲ ನೂಲು ಸುತ್ತಿ ಅಳೆದವನು ಮರ ಸಣ್ಣದಾಗುತ್ತಿದೆಯೆಂದು ಬರೆದಾನು. ಮರವಾದರೋ ಆಗಲೇ ಚಿಗುರುತ್ತಿರುತ್ತದೆ.

ಹೊಸದಾಗಿ ವ್ಯಾಯಾಮಕ್ಕಿಳಿದವರಲ್ಲಿ ತೂಕವು ಇಳಿಯುವ ಬದಲು ಏರುವುದೂ ಉಂಟು. ರೂಢಿಯಿಲ್ಲದ ಶ್ರಮದಿಂದ ಸ್ನಾಯುತಂತುಗಳಿಗೆ ಸೂಕ್ಷ್ಮವಾದ ಪೆಟ್ಟಾಗಿ, ರಿಪೇರಿಯ ಕಾಲದಲ್ಲಿ ಅಲ್ಲಿ ದ್ರವ ತುಂಬುತ್ತದೆ; ಮರುದಿನದ ಮೈಕೈ ನೋವಿಗೂ ಈ ಪೆಟ್ಟೇ ಮೂಲ. ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗವೂ ಹೆಚ್ಚುತ್ತದೆ. ಸ್ತ್ರೀಯರಲ್ಲಿ ಋತುಚಕ್ರದೊಡನೆ ನೀರಿನ ಏರಿಳಿತವಿರುವುದರಿಂದ, ಒಂದು ತಿಂಗಳ ತೂಕವನ್ನು ಮುಂದಿನ ತಿಂಗಳ ಅದೇ ಹಂತದ ತೂಕದೊಡನೆ ಹೋಲಿಸುವುದು ನ್ಯಾಯ.

ಹೀಗೆ ದಿನಕ್ಕೆ 40 ಗ್ರಾಂನ ನಿಜವಾದ ಇಳಿತವನ್ನು, ದಿನದಿನಕ್ಕೆ ಒಂದು ಕಿಲೋಗ್ರಾಂವರೆಗೂ ತೂಗಾಡುವ ಅಂಕೆಯಲ್ಲಿ ಹುಡುಕಬೇಕಾಗಿದೆ. ಪ್ರಯೋಗಶಾಲೆಯಲ್ಲಿ ನಾವು ಏನು ಮಾಡುತ್ತೇವೆಯೋ ಅದನ್ನೇ ಇಲ್ಲಿಯೂ ಮಾಡಬೇಕು. ನಿತ್ಯವೂ ಬೆಳಗ್ಗೆ ಎದ್ದು, ಶೌಚದ ನಂತರ, ಏನನ್ನೂ ಸೇವಿಸುವ ಮುನ್ನ, ನಡಿಗೆಗೆ ಮೊದಲು ತೂಗಿ, ಏಳು ದಿನಗಳ ಸರಾಸರಿಯನ್ನು ತೆಗೆಯಿರಿ. ಏರಿಳಿತಗಳು ಪರಸ್ಪರ ಸಂಬಂಧವಿಲ್ಲದವುಗಳಾದರೆ, ಏಳರ ಸರಾಸರಿಯಲ್ಲಿ ಅವು 7ರ ವರ್ಗಮೂಲದಷ್ಟು, ಅಂದರೆ ಸುಮಾರು 2.6 ಪಟ್ಟು ತಗ್ಗುತ್ತವೆ. ಉಪ್ಪಿನ ನೀರು ಎರಡು ದಿನ ನಿಲ್ಲುವುದರಿಂದ ನಮ್ಮ ಅದೃಷ್ಟ ಅಷ್ಟು ಚೆನ್ನಾಗಿಲ್ಲ. ಆದರೂ ವಾರಕ್ಕೆ 280 ಗ್ರಾಂನಂತೆ ನಾಲ್ಕು ವಾರಗಳಲ್ಲಿ ಕೂಡಿದ ಒಂದು ಕಿಲೋಗ್ರಾಂ ಇಳಿತವು ಸರಾಸರಿಗಳ ಸಾಲಿನಲ್ಲಿ ಕಣ್ಣಿಗೆ ಬೀಳುತ್ತದೆ.

ನೀರಿನ ತೂಕವನ್ನೇ ಸಾಧನೆಯೆಂದು ಬಗೆದರೆ ಅಪಾಯವುಂಟು. ಪ್ಯಾರಿಸಿನ ಒಲಿಂಪಿಕ್ಸ್‌ನಲ್ಲಿ 2024ರ ಆಗಸ್ಟ್ 7ರಂದು ವಿನೇಶ್ ಫೋಗಟ್ ಅವರು 100 ಗ್ರಾಂ ಹೆಚ್ಚಳಕ್ಕಾಗಿ ಅಂತಿಮ ಕುಸ್ತಿಯಿಂದ ಅನರ್ಹರಾದದ್ದು ಎಲ್ಲರಿಗೂ ನೆನಪಿದೆ. ಹಿಂದಿನ ಬೆಳಗ್ಗೆ ಅವರು 50 ಕಿಲೋಗ್ರಾಂ ಒಳಗೇ ಇದ್ದರು. ದಿನದ ಅನ್ನಪಾನದಿಂದ ಏರಿದ ತೂಕವು ರಾತ್ರಿಯೆಲ್ಲ ಬೆವರು ಸುರಿಸಿದರೂ ಪೂರ್ತಿ ಇಳಿಯಲಿಲ್ಲ. ಇದಕ್ಕಿಂತ ಘೋರವಾದುದು ಅಮೆರಿಕದಲ್ಲಿ 1997ರ ಕೊನೆಯ ಎರಡು ತಿಂಗಳುಗಳಲ್ಲಿ ನಡೆಯಿತು: ಆವಿಯನ್ನು ಹೊರಬಿಡದ ಉಡುಪು ತೊಟ್ಟು, ಬಿಸಿಯಾದ ಸ್ಥಳದಲ್ಲಿ ವ್ಯಾಯಾಮಮಾಡಿ ತೂಕ ಇಳಿಸಲು ಹೋದ ಮೂವರು ಕಾಲೇಜು ಕುಸ್ತಿಪಟುಗಳು ಸತ್ತರು. ನಮ್ಮ ಜಿಲ್ಲೆಯ ಗರಡಿಗಳ ಹುಡುಗರೂ, ಪ್ಲಾಸ್ಟಿಕ್ ಅಂಗಿ ತೊಟ್ಟು ಓಡುವವರೂ ಇದನ್ನು ತಿಳಿದಿರತಕ್ಕದ್ದು. ಆ ಅಂಗಿ ಬೆವರನ್ನು ಆರಗೊಡದೆ ಉಷ್ಣವನ್ನು ಒಳಗೇ ಕಟ್ಟಿಹಾಕುತ್ತದೆ. ಕೊಬ್ಬನ್ನು ಒಂದು ಗ್ರಾಂ ಕೂಡ ಹೆಚ್ಚಾಗಿ ಕರಗಿಸುವುದಿಲ್ಲ ಎಂದರೂ ತಪ್ಪಾಗದು. ಇನ್ನು ಕಾಲು ಬಾತು, ಉಸಿರು ಕಟ್ಟಿ, ತೂಕವು ಎರಡು ಮೂರು ದಿನಗಳಲ್ಲಿ ಏರುತ್ತಲೇ ಹೋದರೆ ಅದು ಸರಾಸರಿ ತೆಗೆಯುವ ಸಂದರ್ಭವಲ್ಲ. ಹೃದಯ, ಮೂತ್ರಪಿಂಡಗಳ ರೋಗದಲ್ಲಿ ಹೀಗಾಗುವುದರಿಂದ ಕೂಡಲೇ ವೈದ್ಯರಿಗೆ ತೋರಿಸಬೇಕು.

ಹಾನಗಲ್ಲಿನ ತರುಣನು ಮರುದಿನ ಮತ್ತೆ ಕೆರೆಯ ಕಡೆಗೆ ನಡೆದನು. ಈಗ ಅವನು ನಡೆದು ಬಂದು ಮೊದಲು ಮಾಡುವ ಕೆಲಸ ಒಂದು ತಂಬಿಗೆ ನೀರು ಕುಡಿಯುವುದು. ವಹಿಯಲ್ಲಿ ನಕ್ಷೆಯ ಹಾಳೆಯೊಂದನ್ನು ಅಂಟಿಸಿ, ದಿನದ ತೂಕಗಳನ್ನು ಚುಕ್ಕೆಗಳಿಂದಲೂ ವಾರದ ಸರಾಸರಿಯನ್ನು ಗೆರೆಯಿಂದಲೂ ಗುರುತಿಸಿದ್ದಾನೆ. ಎಲ್ಲಕ್ಕಿಂತ ಮೇಲೆ ಹಾರಿದ ಚುಕ್ಕೆಯ ಪಕ್ಕದಲ್ಲಿ “ಹಿರೇಕೆರೂರು, ನಾಲ್ಕು ಹೋಳಿಗೆ” ಎಂದು ಬರೆದಿದೆ.