ಆಕರಕೋಶಗಳೂ ವಿಷಪರೀಕ್ಷೆಯೂ

ನಮ್ಮ ಮನೆಗಳಲ್ಲಿ ಹೆಣ್ಣುಮಗಳೊಬ್ಬಳು ಬಸುರಿಯಾದಳೆಂದರೆ ಹಿರಿಯರು ಮೊದಲು ಮಾಡುವ ಕೆಲಸ ಪಥ್ಯ ಹೇಳುವುದು. ಪರಂಗಿಹಣ್ಣು ಬೇಡ, ಅನಾನಸು ಬೇಡ, ಉಷ್ಣದ ಪದಾರ್ಥ ಬೇಡ. ಈ ಪಟ್ಟಿಯಲ್ಲಿ ಸರಿಯೆಷ್ಟು, ತಪ್ಪೆಷ್ಟು ಎಂಬುದು ಬೇರೆಯ ಮಾತು. ಆದರೆ ಅದರ ಹಿಂದಿರುವ ತಿಳಿವಳಿಕೆ ಮಾತ್ರ ಸರಿಯಾದುದೇ: ತಾಯಿಗೆ ಏನೂ ಮಾಡದ ಪದಾರ್ಥ ಹೊಟ್ಟೆಯಲ್ಲಿರುವ ಮಗುವಿಗೆ ಕೇಡು ಮಾಡಬಲ್ಲುದು. ಅಜ್ಜಿಯಂದಿರು ಅರಿತಿದ್ದ ಈ ಸಂಗತಿಯನ್ನು ಔಷಧ ತಯಾರಿಸುವ ದೊಡ್ಡ ದೊಡ್ಡ ಕಂಪೆನಿಗಳು ಕಳೆದ ಶತಮಾನದ ನಡುಭಾಗದವರೆಗೂ ಅಷ್ಟಾಗಿ ಮನಸ್ಸಿಗೆ ತಂದುಕೊಂಡಿರಲಿಲ್ಲವೆಂಬುದೇ ಆಶ್ಚರ್ಯ.

ನಾನು ಇತಿಹಾಸದ ವಿದ್ಯಾರ್ಥಿ. ನನ್ನ ವಿಜ್ಞಾನದ ಓದು ಹತ್ತನೆಯ ತರಗತಿಗೇ ಮುಗಿಯಿತು. ಆದುದರಿಂದ ಬಲ್ಲವರು ಈ ಬರಹದ ಸ್ಥೂಲತೆಯನ್ನು ಮನ್ನಿಸಬೇಕು. ಒಂದು ಸಾಕ್ಷ್ಯವನ್ನು ಯಾವಾಗ ನಂಬಬೇಕು, ಒಬ್ಬನೇ ಹೇಳಿದರೆ ಸಾಕೆ, ಹಲವರು ಹೇಳಬೇಕೆ ಎಂಬ ಪ್ರಶ್ನೆ ಇತಿಹಾಸದ ತರಗತಿಯಲ್ಲಿ ನಮ್ಮನ್ನು ದಿನವೂ ಕಾಡುತ್ತದೆ. ವಿಷಶಾಸ್ತ್ರಜ್ಞರನ್ನು ಕಾಡುವುದೂ ಅದೇ ಪ್ರಶ್ನೆಯೆಂದು ಓದಿ ತಿಳಿದಾಗ ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿತು.

೧೯೫೭ರ ಅಕ್ಟೋಬರಿನಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥ್ಯಾಲಿಡೊಮೈಡ್ ಎಂಬ ನಿದ್ರೆಯ ಔಷಧವು ‘ಕಾಂಟೆರ್ಗಾನ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ವೈದ್ಯರ ಚೀಟಿಯಿಲ್ಲದೆಯೇ ಅಂಗಡಿಗಳಲ್ಲಿ ದೊರೆಯುತ್ತಿತ್ತು. ಇಲಿಗಳಿಗೆ ಎಷ್ಟು ತಿನ್ನಿಸಿದರೂ ಅವು ಸಾಯಲಿಲ್ಲವಾದುದರಿಂದ ಇದು ಏನೇನೂ ಅಪಾಯವಿಲ್ಲದ ಔಷಧವೆಂಬ ಪ್ರಚಾರ ನಡೆಯಿತು. ಬಸುರಿನ ಮೊದಲ ತಿಂಗಳುಗಳ ವಾಕರಿಕೆಗೂ ಹೆಂಗಸರು ಅದನ್ನು ನುಂಗಿದರು. ಸ್ವಲ್ಪ ಕಾಲದಲ್ಲಿಯೇ ಕೈಕಾಲು ಮೊಟಕಾದ, ಭುಜಕ್ಕೇ ಅಂಗೈ ಅಂಟಿಕೊಂಡಂತಿದ್ದ ಶಿಶುಗಳು ಹುಟ್ಟತೊಡಗಿದವು. ಹ್ಯಾಂಬರ್ಗಿನ ಮಕ್ಕಳ ವೈದ್ಯ ವಿಡುಕಿಂಟ್ ಲೆಂಟ್ಸ್ ತಾಯಂದಿರನ್ನು ಕಂಡು ವಿಚಾರಿಸಿ, ೧೯೬೧ರ ನವೆಂಬರ್ ೧೮ರಂದು ಡ್ಯುಸೆಲ್‌ಡಾರ್ಫಿನಲ್ಲಿ ಸೇರಿದ್ದ ಮಕ್ಕಳ ವೈದ್ಯರ ಸಭೆಯಲ್ಲಿ ಎದ್ದುನಿಂತು ತನ್ನ ಸಂಶಯವನ್ನು ಹೇಳಿದನು. ಅದೇ ತಿಂಗಳ ಕೊನೆಗೆ ಕಂಪೆನಿ ಔಷಧವನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಹಲವು ದೇಶಗಳಲ್ಲಿ ಒಟ್ಟು ಹತ್ತು ಸಾವಿರದಷ್ಟು ಮಕ್ಕಳು ಅಂಗವಿಕಲರಾಗಿ ಹುಟ್ಟಿದ್ದರೆಂದು ಅಂದಾಜು. ಅಮೆರಿಕಾದಲ್ಲಿ ಮಾತ್ರ ಸರ್ಕಾರದ ಔಷಧ ಇಲಾಖೆಯ ಫ್ರಾನ್ಸಿಸ್ ಕೆಲ್ಸೀ ಎಂಬ ವೈದ್ಯೆ, ಪುರಾವೆ ಸಾಲದು, ಪುರಾವೆ ಸಾಲದು ಎಂದು ಅರ್ಜಿಯನ್ನು ಮತ್ತೆ ಮತ್ತೆ ಹಿಂದಕ್ಕೆ ಕಳುಹಿಸಿ ಆ ದೇಶದ ಮಕ್ಕಳನ್ನು ಬಹುಮಟ್ಟಿಗೆ ಉಳಿಸಿದಳು.

ಇಲಿ ಸುಳ್ಳುಸಾಕ್ಷಿ ಹೇಳಿತೆ? ಇಲ್ಲ, ಅದು ತನ್ನ ಮಟ್ಟಿಗೆ ನಿಜವನ್ನೇ ಹೇಳಿತ್ತು. ಅನಾಹುತವಾದ ಮೇಲೆ ಗಬ್ಬವಾದ ಇಲಿಗಳಿಗೆ ಈ ಔಷಧವನ್ನು ಕೊಟ್ಟು ನೋಡಿದಾಗಲೂ ಅವುಗಳ ಮರಿಗಳು ಬಹುತೇಕ ನೆಟ್ಟಗೇ ಹುಟ್ಟಿದವು. ಮೊಲ ಮತ್ತು ಕೋತಿಗಳ ಮರಿಗಳು ಊನವಾಗಿ ಹುಟ್ಟಿದವು. ಇದರ ಕಾರಣ ತಿಳಿಯಲು ಅರ್ಧ ಶತಮಾನ ಬೇಕಾಯಿತು. ೨೦೧೦ರಲ್ಲಿ ಜಪಾನಿನ ವಿಜ್ಞಾನಿಗಳು ಥ್ಯಾಲಿಡೊಮೈಡ್ ನಮ್ಮ ಜೀವಕೋಶದೊಳಗಿನ ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಹೋಗಿ ಅಂಟಿಕೊಳ್ಳುತ್ತದೆಂದು ತೋರಿಸಿದರು. ಹಾಗೆ ಅಂಟಿಕೊಂಡಾಗ, ಕೈಕಾಲು ಮೂಡುವುದಕ್ಕೆ ಬೇಕಾದ ಮತ್ತೊಂದು ಪ್ರೋಟೀನು ನಾಶವಾಗುತ್ತದೆಂಬುದು ೨೦೧೮ರಲ್ಲಿ ಗೊತ್ತಾಯಿತು. ಇಲಿಯಲ್ಲಿ ಈ ಪ್ರೋಟೀನುಗಳ ರಚನೆ ಒಂದೆರಡು ಕಡೆ ಅತಿ ಸ್ವಲ್ಪ ಬೇರೆ. ಆ ಅತಿ ಸ್ವಲ್ಪವೇ ಇಲಿಯ ಮರಿಯನ್ನು ಕಾಯಿತು.

೧೯೬೧ ಎಂಬ ವರ್ಷ ಇನ್ನೆರಡು ಕಾರಣಗಳಿಗಾಗಿಯೂ ನೆನಪಿಡತಕ್ಕದ್ದು. ಆ ವರ್ಷದ ಮಾರ್ಚಿಯಲ್ಲಿ ಅಮೆರಿಕಾದ ಒಂಬತ್ತು ಮಂದಿ ವಿಷಶಾಸ್ತ್ರಜ್ಞರು ಕೂಡಿ ‘ಸೊಸೈಟಿ ಆಫ್ ಟಾಕ್ಸಿಕಾಲಜಿ’ ಎಂಬ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಅದೇ ವರ್ಷ ಕೆನಡಾದ ಟೊರಾಂಟೊವಿನಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕುಲಕ್ ಎಂಬಿಬ್ಬರು ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿಕಿರಣದಿಂದ ರಕ್ತ ಹುಟ್ಟುವ ಶಕ್ತಿಯನ್ನೇ ಕಳೆದುಕೊಂಡ ಇಲಿಗಳಿಗೆ ಬೇರೆ ಇಲಿಗಳ ಎಲುಬಿನ ಮಜ್ಜೆಯನ್ನು ಸೂಜಿಯಿಂದ ಕೊಟ್ಟಾಗ, ಅವುಗಳ ಗುಲ್ಮದ ಮೇಲೆ ಸಣ್ಣ ಸಣ್ಣ ಗಂಟುಗಳು ಎದ್ದವು. ಒಂದೊಂದು ಗಂಟೂ ಒಂದೊಂದೇ ಕೋಶದಿಂದ ಬೆಳೆದದ್ದು! ತಾನೂ ಉಳಿದು, ಬೇರೆ ಬೇರೆ ಬಗೆಯ ಕೋಶಗಳನ್ನೂ ಹಡೆಯುವ ಇಂಥ ಕೋಶವನ್ನೇ ಸ್ಟೆಮ್ ಸೆಲ್ ಎನ್ನುವುದು. ನಮ್ಮ ಪತ್ರಿಕೆಗಳು ಇದನ್ನು ಕಾಂಡಕೋಶವೆಂದೂ ಆಕರಕೋಶವೆಂದೂ ಬರೆಯುತ್ತವೆ. ನನಗೆ ಎರಡನೆಯದೇ ಹಿಡಿಸಿತು. ಆಕರವೆಂದರೆ ಗಣಿ, ಹುಟ್ಟುವ ಜಾಗ. ಕಾಂಡವೆಂದೊಡನೆ ಮರವೇ ಕಣ್ಣಿಗೆ ಕಟ್ಟುತ್ತದೆ.

ಮಜ್ಜೆಯ ಆಕರಕೋಶಗಳಿಗೆ ಪೆಟ್ಟು ಬಿದ್ದರೆ ರಕ್ತವೇ ಬತ್ತುತ್ತದೆ. ಕಾರ್ಖಾನೆಗಳಲ್ಲಿ ಬೆಂಜೀನಿನ ಆವಿಯನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ರಕ್ತಹೀನತೆಯೂ ರಕ್ತದ ಕ್ಯಾನ್ಸರೂ ಬರುವುದು ಈ ದಾರಿಯಿಂದಲೇ. ಆದರೆ ನಮ್ಮ ಕಥೆಗೆ ಹೆಚ್ಚು ಬೇಕಾದವು ಭ್ರೂಣದ ಆಕರಕೋಶಗಳು. ಮೈಯ ಯಾವ ಅಂಗವಾದರೂ ಆಗಬಲ್ಲ ಈ ಕೋಶಗಳನ್ನು ಇಲಿಯ ಭ್ರೂಣದಿಂದ ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸುವುದು ೧೯೮೧ರಲ್ಲಿ ಸಾಧ್ಯವಾಯಿತು. ಮನುಷ್ಯಭ್ರೂಣದಿಂದ ೧೯೯೮ರಲ್ಲಿ ಜೇಮ್ಸ್ ಥಾಮ್ಸನ್ ಅದನ್ನು ಸಾಧಿಸಿದನು. ಭ್ರೂಣವನ್ನು ಕೆಡಿಸಿ ಪಡೆಯುವುದು ಧರ್ಮವೇ ಎಂಬ ವಿವಾದವೆದ್ದಿತು. ಜಪಾನಿನ ಶಿನ್ಯಾ ಯಮನಾಕ ನಾಲ್ಕು ಜೀನುಗಳನ್ನು ಸೇರಿಸಿ, ಬೆಳೆದ ಚರ್ಮದ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಆಕರಕೋಶದಂತೆ ಮಾಡಬಹುದೆಂದು ೨೦೦೬ರಲ್ಲಿ ಇಲಿಯಲ್ಲೂ ೨೦೦೭ರಲ್ಲಿ ಮನುಷ್ಯನಲ್ಲೂ ತೋರಿಸಿ ಆ ವಿವಾದಕ್ಕೆ ಒಂದು ದಾರಿ ಮಾಡಿಕೊಟ್ಟನು.

ಇನ್ನು ಪರೀಕ್ಷೆಯ ವಿಷಯ. ಬರ್ಲಿನ್ನಿನ ಹಾರ್ಸ್ಟ್ ಸ್ಪೀಲ್ಮನ್ ಮತ್ತು ಅವರ ಸಂಗಡಿಗರು ೧೯೯೭ರಲ್ಲಿ ಪ್ರಕಟಿಸಿದ ವಿಧಾನವನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ತಟ್ಟೆಯ ಮುಚ್ಚಳದ ಒಳಮೈ ಮೇಲೆ ಹನಿಗಳನ್ನಿಟ್ಟು ಮುಚ್ಚಳವನ್ನು ಕವುಚಿ ಹಾಕುತ್ತಾರೆ. ಅನ್ನದ ಪಾತ್ರೆಯ ಮುಚ್ಚಳದಡಿ ಹಬೆಯ ಹನಿ ತೂಗುವಂತೆ ಅವು ತೂಗುತ್ತವೆ. ಒಂದೊಂದು ಹನಿಯಲ್ಲಿ ಇಲಿಯ ೭೫೦ ಆಕರಕೋಶಗಳು. ಮೂರು ದಿನಗಳಲ್ಲಿ ಅವು ಹನಿಯ ತಳಕ್ಕಿಳಿದು ಒಂದಕ್ಕೊಂದು ಕೂಡಿ ಉಂಡೆಯಾಗುತ್ತವೆ. ಇನ್ನೆರಡು ದಿನ ದ್ರವದಲ್ಲಿ ತೇಲಬಿಟ್ಟು, ಐದನೆಯ ದಿನ ಒಂದೊಂದು ಉಂಡೆಯನ್ನೂ ಒಂದೊಂದು ಗುಳಿಯಲ್ಲಿ ನೆಲೆಗೊಳಿಸುತ್ತಾರೆ. ಹತ್ತನೆಯ ದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉಂಡೆಯ ಒಂದು ಭಾಗ ಮಿಡಿಯುತ್ತಿರುತ್ತದೆ! ಅಲ್ಲಿ ಹೃದಯದ ಸ್ನಾಯು ಹುಟ್ಟಿದೆ. ತಾಯಿಯಿಲ್ಲ, ಗರ್ಭವಿಲ್ಲ, ಹೃದಯವೆಂಬ ಅಂಗವೇ ಇಲ್ಲ. ಬಡಿತ ಮಾತ್ರ ಇದೆ.

ಪರೀಕ್ಷಿಸಬೇಕಾದ ಪದಾರ್ಥವನ್ನು ಮೊದಲ ದಿನದಿಂದಲೇ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸುತ್ತಾರೆ. ಎಷ್ಟು ಪ್ರಮಾಣಕ್ಕೆ ಮಿಡಿಯುವ ಉಂಡೆಗಳು ಅರ್ಧಕ್ಕಿಳಿದವು ಎಂಬುದು ಒಂದು ಲೆಕ್ಕ. ಎಷ್ಟಕ್ಕೆ ಆಕರಕೋಶಗಳ ಬೆಳೆವಣಿಗೆ ಅರ್ಧವಾಯಿತು, ಎಷ್ಟಕ್ಕೆ ಇಲಿಯ ಬೆಳೆದ ಕೋಶಗಳದು ಅರ್ಧವಾಯಿತು ಎಂಬುವು ಇನ್ನೆರಡು ಲೆಕ್ಕ. ಬೆಳೆದ ಕೋಶಕ್ಕೆ ಏನೂ ಆಗದ ಅಲ್ಪ ಪ್ರಮಾಣದಲ್ಲಿಯೇ ಮಿಡಿತ ನಿಂತುಹೋದರೆ ಆ ಪದಾರ್ಥ ತಾಯಿಯನ್ನು ಬಿಟ್ಟು ಮಗುವನ್ನು ಹಿಡಿಯತಕ್ಕದ್ದೆಂದು ಶಂಕಿಸಬೇಕು. ಅಜ್ಜಿಯ ಪಥ್ಯದ ಮಾತನ್ನೇ ಅಳತೆಗೆ ತಂದಂತಾಯಿತು.

ಆದರೆ ಬರ್ಲಿನ್ನಿನಲ್ಲಿ ಮಿಡಿದದ್ದು ಬೇರೊಂದು ಊರಿನಲ್ಲಿ ಮಿಡಿಯುತ್ತದೆಯೆ? ನಮ್ಮ ಬೀದಿಯಲ್ಲಿ ಒಬ್ಬನೇ ಹಾಲಿನವನು ಎಲ್ಲ ಮನೆಗಳಿಗೂ ಹಾಲು ಹಾಕುತ್ತಾನೆ. ಪಕ್ಕದ ಮನೆಯಿಂದಲೇ ಹೆಪ್ಪು ತಂದು ಹಾಕಿದರೂ ಅವರ ಮೊಸರು ಗಟ್ಟಿ, ನಮ್ಮದು ನೀರು. ಪಾತ್ರೆ, ಬಿಸಿ, ಇಟ್ಟ ಮೂಲೆ, ಕೈಗುಣ, ಯಾವುದು ಕಾರಣವೆಂದು ಹೇಳುವುದು ಕಷ್ಟ. ಆಕರಕೋಶಗಳ ಚಾಂಚಲ್ಯ ಇದಕ್ಕಿಂತಲೂ ಹೆಚ್ಚು. ಅವುಗಳಿಗೆ ಉಣಿಸುವ ಕರುವಿನ ರಕ್ತದ್ರವ ಒಂದು ಸಲ ಬಂದಂತೆ ಇನ್ನೊಂದು ಸಲ ಬರುವುದಿಲ್ಲ. ಬಹುಕಾಲ ಬೆಳೆಸಿದರೆ ಅವುಗಳ ವರ್ಣತಂತುಗಳೇ ಬದಲಾಗಿಬಿಡುತ್ತವೆ. ಒಂದು ತಟ್ಟೆಯ ಕೋಶ ಮತ್ತೊಂದು ತಟ್ಟೆಗೆ ನುಸುಳಿ, ವರ್ಷಗಟ್ಟಲೆ ತಪ್ಪು ಹೆಸರಿನಿಂದ ಬೆಳೆದ ನಿದರ್ಶನಗಳು ಈ ಶಾಸ್ತ್ರದಲ್ಲಿ ಬೇಕಾದಷ್ಟಿವೆ.

ಆದುದರಿಂದಲೇ ಸ್ಪೀಲ್ಮನ್ನರ ಪರೀಕ್ಷೆಯನ್ನು ಅವರ ಮಾತಿನ ಮೇಲೆಯೇ ಯಾರೂ ಒಪ್ಪಲಿಲ್ಲ. ಯುರೋಪಿನ ಒಕ್ಕೂಟದ ಒಂದು ಕೇಂದ್ರವು ೨೦ ಪದಾರ್ಥಗಳನ್ನು ಹೆಸರು ಮರೆಮಾಡಿ, ಬರಿಯ ಗುರುತುಸಂಖ್ಯೆ ಹಾಕಿ, ನಾಲ್ಕು ಪ್ರಯೋಗಶಾಲೆಗಳಿಗೆ ಪರೀಕ್ಷೆಗೆ ಕೊಟ್ಟಿತು. ನಮ್ಮ ಉತ್ತರಪತ್ರಿಕೆಗಳ ಮೇಲೆ ಹೆಸರಿಲ್ಲದೆ ನಂಬರು ಮಾತ್ರ ಇರುವಂತೆ! ನೂರಕ್ಕೆ ೭೮ರಷ್ಟು ಉತ್ತರ ಸರಿಬಂದಿತು. ಪ್ರಥಮ ದರ್ಜೆಯೆಂದೇ ಹೇಳಬೇಕು. ಆದರೆ ಮುಂದೆ ಬೇರೆ ಪದಾರ್ಥಗಳನ್ನು ಕೊಟ್ಟು ನೋಡಿದಾಗ ಅಷ್ಟು ಅಂಕ ಬರಲಿಲ್ಲ. ಇಪ್ಪತ್ತು ಪ್ರಶ್ನೆಗಳನ್ನು ಚೆನ್ನಾಗಿ ಬರೆದವನು ಇಡೀ ಪಠ್ಯವನ್ನು ಬಲ್ಲನೆಂದು ಹೇಳಬರುವುದಿಲ್ಲ. ಅದಕ್ಕಿಂತಲೂ ಮುಖ್ಯವಾಗಿ, ಇದೂ ಇಲಿಯ ಕೋಶವೇ ಅಲ್ಲವೆ? ಥ್ಯಾಲಿಡೊಮೈಡಿನ ಪಾಠವನ್ನು ಕಲಿತವರು ಇಲ್ಲಿಗೇ ನಿಲ್ಲುವಂತಿರಲಿಲ್ಲ. ಆದ್ದರಿಂದ ಈಚಿನ ಪರೀಕ್ಷೆಗಳಲ್ಲಿ ಮನುಷ್ಯನ ಆಕರಕೋಶಗಳನ್ನೇ ಬಳಸತೊಡಗಿದ್ದಾರೆ.

ಈ ಶಾಸ್ತ್ರದಲ್ಲಿ ಸಂಘಗಳ ಕೆಲಸ ಎಷ್ಟು ದೊಡ್ಡದೆಂಬುದು ಇಲ್ಲಿಯೇ ಕಾಣುತ್ತದೆ. ಹಾರತುರಾಯಿ, ಭಾಷಣ, ಉಪಾಹಾರಗಳೇ ಸಂಘದ ಕಾರ್ಯವೆಂದು ನಾವು ತಿಳಿದುಕೊಂಡಿದ್ದೇವೆ. ಮೇಲೆ ಹೇಳಿದ ಅಮೆರಿಕಾದ ಸಂಘ ತನ್ನೊಳಗೆ ಆಕರಕೋಶಗಳ ಅಭ್ಯಾಸಿಗಳಿಗಾಗಿಯೇ ಪ್ರತ್ಯೇಕ ಶಾಖೆಯೊಂದನ್ನು ತೆರೆಯಿತು. ಆಕರಕೋಶಗಳ ಸಂಶೋಧಕರು ೨೦೦೨ರಲ್ಲಿ ತಮ್ಮದೇ ಅಂತರರಾಷ್ಟ್ರೀಯ ಸಂಘವನ್ನು ಸ್ಥಾಪಿಸಿಕೊಂಡರು. ಮನುಷ್ಯನ ಆಕರಕೋಶವನ್ನು ಬಳಸುವವರು ಅದರ ಗುರುತನ್ನೂ ವರ್ಣತಂತುಗಳನ್ನೂ ಹೇಗೆ ಪರೀಕ್ಷಿಸಬೇಕು, ಏನೇನನ್ನು ವರದಿಯಲ್ಲಿ ಬರೆಯಬೇಕು ಎಂಬ ನಿಯಮಗಳನ್ನು ಆ ಸಂಘ ೨೦೨೩ರಲ್ಲಿ ಪ್ರಕಟಿಸಿತು. ಓದಲು ನೀರಸವಾದ ವಿಷಯ. ಆದರೆ ಒಬ್ಬನ ಮೊಸರೂ ಇನ್ನೊಬ್ಬನ ಮೊಸರೂ ಒಂದೇ ಎಂದು ಹೇಳಬೇಕಾದರೆ ಇಷ್ಟಾದರೂ ಬೇಕು.

ಲೆಂಟ್ಸ್ ಒಬ್ಬನೇ ಅಲ್ಲವೆ ಸತ್ಯವನ್ನು ಕಂಡದ್ದು ಎಂದು ಯಾರಾದರೂ ಕೇಳಬಹುದು. ನಿಜ, ಆದರೆ ಅದನ್ನು ಅವನು ವೈದ್ಯರ ಸಭೆಯ ಮುಂದಿಟ್ಟನು. ಅದೇ ಸಮಯದಲ್ಲಿ ಆಸ್ಟ್ರೇಲಿಯಾದ ವಿಲಿಯಂ ಮೆಕ್‌ಬ್ರೈಡ್ ಎಂಬ ವೈದ್ಯನೂ ಥ್ಯಾಲಿಡೊಮೈಡಿನ ಮೇಲೆ ಸಂಶಯಪಟ್ಟು ‘ಲಾನ್ಸೆಟ್’ ಪತ್ರಿಕೆಗೆ ಬರೆದು ಲೋಕಪ್ರಸಿದ್ಧನಾದನು. ಇದೇ ಮೆಕ್‌ಬ್ರೈಡ್ ಮುಂದೆ ಮತ್ತೊಂದು ಔಷಧದ ಮೇಲೆ ಆರೋಪ ಹೊರಿಸಿದನು. ಈ ನಡುವೆ ಮೊಲಗಳ ಮೇಲೆ ನಡೆಸಿದ ಪ್ರಯೋಗದ ಅಂಕಿಗಳನ್ನು ತಿದ್ದಿದನೆಂದು ವಿಚಾರಣೆಯಲ್ಲಿ ತೀರ್ಮಾನವಾಗಿ ೧೯೯೩ರಲ್ಲಿ ವೈದ್ಯರ ಪಟ್ಟಿಯಿಂದ ಅವನ ಹೆಸರನ್ನು ತೆಗೆದುಹಾಕಿದರು. ಇತಿಹಾಸದ ವಿದ್ಯಾರ್ಥಿಗೆ ಈ ಒಬ್ಬ ಮನುಷ್ಯನ ಜೀವನದಷ್ಟು ಬೋಧಪ್ರದವಾದ ಸಂಗತಿ ಅಪರೂಪ.

ನಮ್ಮಲ್ಲಿ ಏನು ನಡೆದಿದೆ? ವಿಷಶಾಸ್ತ್ರಕ್ಕೆಂದು ಲಕ್ನೋ ನಗರದಲ್ಲಿ ೧೯೬೫ರಲ್ಲಿಯೇ ಒಂದು ಸಂಸ್ಥೆ ಸ್ಥಾಪಿತವಾಯಿತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಂದಾರ್ ಮತ್ತು ಅವರ ಸಂಗಡಿಗರು, ಚಿಕಿತ್ಸೆಗೆ ಬಾರದೆಂದು ಬಿಟ್ಟ ಭ್ರೂಣಗಳಿಂದ ಮನುಷ್ಯನ ಆಕರಕೋಶಗಳ ಎರಡು ಪೀಳಿಗೆಗಳನ್ನು ಬೆಳೆಸಿ ೨೦೦೯ರಲ್ಲಿ ಪ್ರಕಟಿಸಿದರು. ಅದೇ ವರ್ಷ ಆಕರಕೋಶಗಳ ಅಧ್ಯಯನಕ್ಕಾಗಿ ಬೆಂಗಳೂರಿನಲ್ಲಿ ‘ಇನ್‌ಸ್ಟೆಮ್’ ಎಂಬ ಕೇಂದ್ರಸರ್ಕಾರದ ಸಂಸ್ಥೆಯೂ ಆರಂಭವಾಯಿತು.

ಇತ್ತ ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರುತೋಪುಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ವರ್ಷಾನುವರ್ಷ ಆಕಾಶದಿಂದ ಸಿಂಪಡಿಸಿದರು. ಕೊಕ್ಕಡದ ಸುತ್ತಮುತ್ತ ಹುಟ್ಟಿದ ಅಂಗವಿಕಲ ಮಕ್ಕಳ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಅದೇ ಕಾರಣವೆಂದು ಜನ ಹೇಳಿದರು. ಅಲ್ಲವೆಂದು ಹೇಳುವವರೂ ಇದ್ದರು. ಸಮಿತಿಗಳು ಕುಳಿತವು. ೨೦೧೧ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ನಿಷೇಧಿಸುವ ಹೊತ್ತಿಗೆ ಆ ಮಕ್ಕಳಲ್ಲಿ ಎಷ್ಟೋ ಮಂದಿ ಬೆಳೆದು ದೊಡ್ಡವರಾಗಿದ್ದರು.

ಈ ಲೇಖನವನ್ನು ಬರೆಯುತ್ತಿದ್ದಾಗ ನಮ್ಮ ಊರಿನ ಗೊಬ್ಬರದ ಅಂಗಡಿಗೆ ಹೋಗಿ ಕೀಟನಾಶಕದ ಡಬ್ಬಿಗಳನ್ನು ನೋಡಿಬಂದೆ. ಪ್ರತಿಯೊಂದರ ಮೇಲೂ ಮೂಲೆಯ ಮೇಲೆ ನಿಲ್ಲಿಸಿದಂತಹ ಒಂದು ಚೌಕವಿರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಕೆಂಪು, ಹಳದಿ, ನೀಲಿ, ಹಸಿರು ಇವುಗಳಲ್ಲಿ ಒಂದು ಬಣ್ಣ. ಎಷ್ಟು ತಿನ್ನಿಸಿದರೆ ಪರೀಕ್ಷೆಯ ಪ್ರಾಣಿಗಳಲ್ಲಿ ಅರ್ಧ ಸಾಯುತ್ತವೆ ಎಂಬ ಲೆಕ್ಕದಿಂದ ಆ ಬಣ್ಣವನ್ನು ನಿರ್ಧರಿಸುತ್ತಾರೆ. ಕೆಂಪಾದರೆ ಸ್ವಲ್ಪಕ್ಕೇ ಸಾವು. ಹಸಿರಾದರೆ ಬಹಳ ಬೇಕು. ಮೇಲೆ ನೋಡಿದಂತೆ, ಥ್ಯಾಲಿಡೊಮೈಡಿಗೂ ಮೊದಲು ಕೇಳಿದ್ದು ಇದೇ ಪ್ರಶ್ನೆಯನ್ನು. ಔಷಧ ಹೊಡೆದ ಹೊಲದಲ್ಲಿ ಕಳೆ ಕೀಳುವ ಬಸುರಿ ಹೆಂಗಸಿನ ಮಗುವಿಗೆ ಏನಾದೀತು ಎಂಬುದಕ್ಕೆ ಆ ಚೌಕದಲ್ಲಿ ಬಣ್ಣವಿಲ್ಲ.