ಈ ನೆಲ ಯಾರದು? ಅಮೆರಿಕದ ಪಾರ್ಕುಗಳಿಗೆ ನಾಯಿಯನ್ನು ಕರೆದೊಯ್ಯುವ ಮುನ್ನ

ಕ್ಯಾಲಿಫೋರ್ನಿಯಾದ ಪೂರ್ವದಿಂದ ಯೊಸೆಮಿಟಿಗೆ ಹತ್ತುವ ರಸ್ತೆಯಲ್ಲಿ, ಸುಮಾರು 10,000 ಅಡಿ ಎತ್ತರದಲ್ಲಿ, ಟಯೋಗಾ ಪಾಸ್ ಗೇಟ್ ಸಿಗುತ್ತದೆ. ಗೇಟಿನ ಪೂರ್ವಕ್ಕಿರುವುದು ಇನ್ಯೊ ನ್ಯಾಷನಲ್ ಫಾರೆಸ್ಟ್, ಪಶ್ಚಿಮಕ್ಕಿರುವುದು ಯೊಸೆಮಿಟಿ ನ್ಯಾಷನಲ್ ಪಾರ್ಕ್. ಎರಡೂ ಕಡೆ ಅದೇ ಬೆಟ್ಟ, ಅದೇ ಪೈನ್ ಮರ, ಅದೇ ಹುಲ್ಲುಗಾವಲು. ಪೂರ್ವದಲ್ಲಿ ನಿಮ್ಮ ನಾಯಿ ಬಹುತೇಕ ಎಲ್ಲ ಕಾಲುದಾರಿಗಳಲ್ಲೂ ನಿಮ್ಮೊಂದಿಗೆ ನಡೆಯಬಹುದು. ಗೇಟು ದಾಟಿದ ಮೇಲೆ ಅದೇ ನಾಯಿ ಕಾಡಿನ ಟ್ರೇಲ್‌ಗೆ ಕಾಲಿಟ್ಟರೆ ಅದು ಫೆಡರಲ್ ಅಪರಾಧ.

ಸ್ಯಾನ್ ಹೊಸೆ, ಆಸ್ಟಿನ್, ಅಟ್ಲಾಂಟಾಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಈಗ ನಾಯಿ ಮನೆಮಂದಿಯಲ್ಲೊಂದು. ಬೇಸಿಗೆ ರಜೆ ಬಂತೆಂದರೆ ಮಕ್ಕಳು, ಊರಿಂದ ಬಂದ ಅಜ್ಜ-ಅಜ್ಜಿ, ಟೆಂಟು, ಚಿತ್ರಾನ್ನದ ಡಬ್ಬಿಯ ಜೊತೆ ಅದೂ ಕಾರು ಹತ್ತುತ್ತದೆ. ಪಾರ್ಕಿನ ಹೆಸರು ನೋಡಿ ಬುಕ್ ಮಾಡುತ್ತೇವೆ, ನಾಯಿಯ ನಿಯಮ ಓದುವುದು ಗೇಟಿನ ಹತ್ತಿರ ಬಂದಾಗ. ಹೊರಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿಕೊಂಡರೆ ಮುಕ್ಕಾಲು ಪಾಲು ತೊಂದರೆ ತಪ್ಪುತ್ತದೆ: ನಾವು ಹೋಗುತ್ತಿರುವ ನೆಲ ಯಾರ ಆಡಳಿತದಲ್ಲಿದೆ? ನ್ಯಾಷನಲ್ ಪಾರ್ಕುಗಳನ್ನು ನೋಡಿಕೊಳ್ಳುವುದು ಒಳಾಡಳಿತ ಇಲಾಖೆಯ ನ್ಯಾಷನಲ್ ಪಾರ್ಕ್ ಸರ್ವಿಸ್. ನ್ಯಾಷನಲ್ ಫಾರೆಸ್ಟುಗಳು ಕೃಷಿ ಇಲಾಖೆಯ ಫಾರೆಸ್ಟ್ ಸರ್ವಿಸ್ ಕೈಯಲ್ಲಿವೆ. ಸ್ಟೇಟ್ ಪಾರ್ಕುಗಳಿಗೆ ಆಯಾ ರಾಜ್ಯದ ಕಾನೂನು, ಮೂಲನಿವಾಸಿ ಬುಡಕಟ್ಟುಗಳ ನೆಲಕ್ಕೆ ಅವರದೇ ಕಾನೂನು. ಹೆಸರುಗಳು ಒಂದೇ ಥರ ಕೇಳಿಸುವುದರಿಂದ ಜನ ಎಡವುವುದು ಇಲ್ಲೇ.

ನ್ಯಾಷನಲ್ ಪಾರ್ಕುಗಳಿಗೆಲ್ಲ ಅನ್ವಯಿಸುವ ಮೂಲ ನಿಯಮ ಫೆಡರಲ್ ನಿಯಮಾವಳಿಯ 36ನೇ ಟೈಟಲ್‌ನ ಸೆಕ್ಷನ್ 2.15ರಲ್ಲಿದೆ. ಚಿಕ್ಕ ನಿಯಮ, ಆದರೆ ಪ್ರತಿ ಸಾಲಿಗೂ ಬೆಲೆಯಿದೆ. ಸಾಕುಪ್ರಾಣಿಯನ್ನು ಎಲ್ಲ ಹೊತ್ತಿನಲ್ಲೂ ಬಾರಿನಲ್ಲೋ ಪಂಜರದಲ್ಲೋ ಬೇರೆ ಯಾವುದಾದರೂ ರೀತಿಯಲ್ಲೋ ಹಿಡಿತದಲ್ಲಿಡಬೇಕು. ಬಾರು 6 ಅಡಿಗಿಂತ ಉದ್ದವಿರಬಾರದು. ಗುಂಡಿ ಒತ್ತಿದರೆ ಹದಿನೈದು-ಹದಿನಾರು ಅಡಿ ಬಿಚ್ಚಿಕೊಳ್ಳುವ ಸುರುಳಿ ಬಾರುಗಳನ್ನು ಬಹಳ ಮಂದಿ ಬಳಸುತ್ತಾರೆ. ಅದನ್ನು ಆರಡಿಗೆ ಲಾಕ್ ಮಾಡದೆ ಬಿಟ್ಟರೆ ನಿಯಮ ಮುರಿದಂತೆಯೇ. "ನಮ್ಮ ನಾಯಿ ಕರೆದರೆ ಬರುತ್ತೆ, ಯಾರಿಗೂ ಏನೂ ಮಾಡಲ್ಲ" ಎಂಬ ಮಾತು ರೇಂಜರ್ ಮುಂದೆ ನಡೆಯುವುದಿಲ್ಲ. ಸಾರ್ವಜನಿಕ ಕಟ್ಟಡ, ಪಾರ್ಕಿನ ಶಟಲ್ ಬಸ್ಸು, ಈಜಲೆಂದು ಗುರುತಿಸಿದ ತೀರ, ಈ ಮೂರಕ್ಕೂ ಸಾಕುನಾಯಿಗೆ ಪ್ರವೇಶವಿಲ್ಲ. ಮರಕ್ಕೋ ಕಂಬಕ್ಕೋ ಕಟ್ಟಿ, ಹತ್ತಿರ ಯಾರೂ ಇಲ್ಲದೆ ಬಿಟ್ಟುಹೋಗುವಂತಿಲ್ಲ. ಆ ಹೊತ್ತಿಗೆ, ಆ ಜಾಗಕ್ಕೆ ಅತಿ ಎನಿಸುವಷ್ಟು ಬೊಗಳಿದರೂ, ಬೊಗಳಿ ಕಾಡುಪ್ರಾಣಿಗಳನ್ನು ಬೆದರಿಸಿದರೂ ಅದು ಉಲ್ಲಂಘನೆ. ಮಲವನ್ನು ಪಾರ್ಕ್ ಹೇಳಿದ ರೀತಿಯಲ್ಲೇ ವಿಲೇವಾರಿ ಮಾಡಬೇಕು.

ಇದು ದೇಶಕ್ಕೆಲ್ಲ ಸಮಾನವಾದ ತಳಪಾಯ. ಇದರ ಮೇಲೆ ಪ್ರತಿ ಪಾರ್ಕಿನ ಸೂಪರಿಂಟೆಂಡೆಂಟರಿಗೆ ಕೆಲವು ಜಾಗಗಳನ್ನು ನಾಯಿಗಳಿಗೆ ಮುಚ್ಚುವ ಅಧಿಕಾರವಿದೆ. ಹೀಗಾಗಿ ಒಂದು ಪಾರ್ಕಿಗೂ ಇನ್ನೊಂದಕ್ಕೂ ಅಜಗಜಾಂತರ. ವಾಷಿಂಗ್ಟನ್ ಸುತ್ತಮುತ್ತ ಇರುವವರಿಗೆ ವರ್ಜೀನಿಯಾದ ಶೆನಂಡೋವಾ ದೊಡ್ಡ ವರ: ಅಲ್ಲಿನ ಸುಮಾರು 500 ಮೈಲಿ ಟ್ರೇಲ್‌ಗಳಲ್ಲಿ 20 ಮೈಲಿಗಿಂತ ಕಡಿಮೆ ಬಿಟ್ಟರೆ ಉಳಿದೆಲ್ಲವೂ ನಾಯಿಗೆ ಮುಕ್ತ. ಮೇಯ್ನ್ ರಾಜ್ಯದ ಅಕೇಡಿಯಾದಲ್ಲೂ ಸುಮಾರು 100 ಮೈಲಿ ಕಾಲುದಾರಿ, 45 ಮೈಲಿ ಹಳೆಯ ಸಾರೋಟು ದಾರಿಗಳಲ್ಲಿ ನಾಯಿ ನಡೆಯಬಹುದು. ಅದೇ ಅಟ್ಲಾಂಟಾದಿಂದಲೂ ಶಾರ್ಲಟ್‌ನಿಂದಲೂ ನಮ್ಮವರು ಹೆಚ್ಚಾಗಿ ಹೋಗುವ ಗ್ರೇಟ್ ಸ್ಮೋಕಿ ಮೌಂಟನ್ಸ್‌ನಲ್ಲಿ 800 ಮೈಲಿಗೂ ಮೀರಿದ ಟ್ರೇಲ್‌ಗಳಿದ್ದರೂ ನಾಯಿಗೆ ಅವಕಾಶ ಎರಡರಲ್ಲಿ ಮಾತ್ರ, ಗ್ಯಾಟ್ಲಿನ್‌ಬರ್ಗ್ ಟ್ರೇಲ್ ಮತ್ತು ಓಕೊನಾಲಫ್ಟಿ ರಿವರ್ ಟ್ರೇಲ್. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಲ್ಲಿ ಮೇಲಿನ ದಾರಿಗಳ ಉದ್ದಕ್ಕೂ ನಾಯಿ ಬರಬಹುದು, ಕಮರಿಯೊಳಗೆ ಇಳಿಯುವಂತಿಲ್ಲ. ಯೊಸೆಮಿಟಿಯಲ್ಲಿ ಡಾಂಬರು ರಸ್ತೆ, ಪಾದಚಾರಿ ದಾರಿ, ಸೈಕಲ್ ದಾರಿ ಮತ್ತು ಹೆಚ್ಚಿನ ಕ್ಯಾಂಪ್‌ಗ್ರೌಂಡುಗಳಲ್ಲಿ ಒಪ್ಪಿಗೆ. ವಾಹನ ಬಿಟ್ಟು ನಡೆದುಹೋಗಿ ಟೆಂಟ್ ಹಾಕುವ ಕ್ಯಾಂಪ್‌ಗಳಲ್ಲಿ ಇಲ್ಲ.

ಯೆಲ್ಲೋಸ್ಟೋನ್ ಇನ್ನೂ ಬಿಗಿ. ರಸ್ತೆ, ಪಾರ್ಕಿಂಗ್, ಕ್ಯಾಂಪ್‌ಗ್ರೌಂಡುಗಳಿಂದ 100 ಅಡಿಯೊಳಗೆ ಮಾತ್ರ ನಾಯಿ ಇರಬೇಕು; ಟ್ರೇಲ್, ಬಿಸಿನೀರಿನ ಬುಗ್ಗೆಗಳ ನಡುವಿನ ಮರದ ಹಲಗೆ ದಾರಿ ಯಾವುದಕ್ಕೂ ಬರುವಂತಿಲ್ಲ. ಇದು ಅತಿ ಎನಿಸಿದರೆ 1981ರ ಜುಲೈನಲ್ಲಿ ಅಲ್ಲಿ ನಡೆದದ್ದು ತಿಳಿದಿರಲಿ. ನಿಲ್ಲಿಸಿದ್ದ ವಾಹನದಿಂದ ಹಾರಿ ಹೊರಬಂದ ನಾಯಿಯೊಂದು ಸೆಲೆಸ್ಟೀನ್ ಪೂಲ್ ಎಂಬ ಕುದಿಬುಗ್ಗೆಗೆ ಜಿಗಿಯಿತು. ಆ ನೀರಿನ ಬಿಸಿ 200 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಸ್ನೇಹಿತನ ನಾಯಿಯನ್ನು ಉಳಿಸಲೆಂದು 24 ವರ್ಷದ ಯುವಕನೊಬ್ಬ ಹಿಂದೆಯೇ ನೀರಿಗೆ ಧುಮುಕಿದ. ನಾಯಿ ಅಲ್ಲೇ ಸತ್ತಿತು, ಮರುದಿನ ಯುವಕನೂ ಉಳಿಯಲಿಲ್ಲ. ಕಾರಿನ ಬಾಗಿಲು ತೆರೆಯುವ ಮೊದಲೇ ಬಾರು ಕೈಯಲ್ಲಿರಲಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ನಿಯಮದ ಹಿಂದೆ ಕಾಡುಪ್ರಾಣಿಗಳ ಜೀವವೂ ಇದೆ. ಲೇಕ್ ಸುಪೀರಿಯರ್ ನಡುವಿನ ಐಲ್ ರಾಯಲ್ ದ್ವೀಪ ಪಾರ್ಕಿಗೆ ಸಾಕುನಾಯಿಯನ್ನು ದೋಣಿಯಲ್ಲಿಟ್ಟುಕೊಂಡು ಸುಳಿಯುವುದಕ್ಕೂ ಬಿಡುವುದಿಲ್ಲ. 1980ರಲ್ಲಿ ಅಲ್ಲಿ 50 ತೋಳಗಳಿದ್ದವು. ಎರಡೇ ವರ್ಷದಲ್ಲಿ 14ಕ್ಕೆ ಇಳಿದವು. ಆ ಹೊತ್ತಿಗೆ ದ್ವೀಪಕ್ಕೆ ಬಂದಿದ್ದದ್ದು ನಾಯಿಗಳಿಂದ ಹರಡುವ ಪಾರ್ವೊ ವೈರಸ್. ನಮ್ಮ ಮುದ್ದಿನ ನಾಯಿಗೆ ಏನೂ ಆಗದೆಯೂ ಅದು ಕಾಡಿಗೆ ರೋಗ ಒಯ್ಯಬಲ್ಲದು. ಈ ನಿರ್ಬಂಧಗಳು ನ್ಯಾಯವಾದವೇ ಎಂದು ನಾನು ಪೂರ್ತಿ ಮನಸ್ಸಿನಿಂದ ನಂಬುತ್ತೇನೆ.

ಆದರೆ ಇವೆಲ್ಲ ಸೇರಿ ಪ್ರವಾಸಿಗರಿಗೆ ಒಂದು ಇಕ್ಕಟ್ಟು ತಂದಿಡುತ್ತವೆ. ಟ್ರೇಲ್‌ಗೆ ನಾಯಿ ಬರುವಂತಿಲ್ಲ, ಕಟ್ಟಿ ಬಿಡುವಂತಿಲ್ಲ, ಶಟಲ್ ಹತ್ತಿಸುವಂತಿಲ್ಲ. ಉಳಿದದ್ದು ಕಾರು. ಬಿಸಿಲಲ್ಲಿ ನಿಂತ ಕಾರು ಕೆಲವೇ ನಿಮಿಷದಲ್ಲಿ ಒಲೆಯಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅಪಾಯದ ಸ್ಥಿತಿಯಲ್ಲಿ ಪ್ರಾಣಿಯನ್ನು ಕಾರಿನಲ್ಲಿ ಬಿಡುವುದೇ ಅಪರಾಧ. 2017ರಿಂದ ಅಲ್ಲಿ ಸಾಮಾನ್ಯ ನಾಗರಿಕರೂ ಕಾರಿನ ಗಾಜು ಒಡೆದು ನಾಯಿಯನ್ನು ಕಾಪಾಡಬಹುದು; ಅದಕ್ಕೆ ಮುಂಚೆ ಪೊಲೀಸರಿಗೆ ಕರೆ ಮಾಡುವಂಥ ಕೆಲವು ಷರತ್ತುಗಳನ್ನು ಪಾಲಿಸಬೇಕು. ಆದ್ದರಿಂದ ಯೋಜನೆ ಮನೆಯಲ್ಲೇ ಆಗಬೇಕು. ದೊಡ್ಡವರಲ್ಲಿ ಒಬ್ಬರು ಸರದಿಯಂತೆ ನಾಯಿಯ ಜೊತೆ ನಿಲ್ಲುವುದೇ ಸರಳ ದಾರಿ. ಗ್ರ್ಯಾಂಡ್ ಕ್ಯಾನ್ಯನ್ ದಕ್ಷಿಣ ಅಂಚಿನಂಥ ಕಡೆ ನಾಯಿಗಳನ್ನು ಹಗಲು ಬಿಟ್ಟುಹೋಗುವ ಕೆನಲ್ ಇದೆ. ಮೊದಲೇ ಜಾಗ ಕಾಯ್ದಿರಿಸಿ, ಲಸಿಕೆ ಪತ್ರ ಜೊತೆಗಿಟ್ಟುಕೊಳ್ಳಿ.

ಕ್ಯಾಂಪಿಂಗ್‌ನಲ್ಲಿ ರಾತ್ರಿಯದೇ ಬೇರೆ ಲೆಕ್ಕ. ನ್ಯಾಷನಲ್ ಪಾರ್ಕುಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅತಿಯಾದ ಸದ್ದು ಮಾಡುವುದು ನಿಯಮಬಾಹಿರ, ನಾಯಿಯ ಬೊಗಳಾಟವೂ ಅದರಲ್ಲಿ ಸೇರಬಹುದು. ಕ್ಯಾಲಿಫೋರ್ನಿಯಾ ಸ್ಟೇಟ್ ಪಾರ್ಕುಗಳಲ್ಲಿ ಹಗಲು ಆರಡಿ ಬಾರು, ರಾತ್ರಿ ನಾಯಿ ಟೆಂಟಿನೊಳಗೋ ಮುಚ್ಚಿದ ವಾಹನದೊಳಗೋ ಇರಬೇಕು. ರಾತ್ರಿ ನಾಯಿಯನ್ನು ಹೊರಗೆ ಕಟ್ಟುವ ನಮ್ಮ ಊರಿನ ರೂಢಿ ಇಲ್ಲಿ ಬೇಡ. ಕರಡಿಗಳ ಸೀಮೆಯಲ್ಲಿ ನಾಯಿಯ ತಿಂಡಿ, ಅದು ತಿಂದ ತಟ್ಟೆ ಕೂಡ ಆಹಾರವೆಂದೇ ಲೆಕ್ಕ. ಅವನ್ನೂ ಕ್ಯಾಂಪಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಭದ್ರಪಡಿಸಬೇಕು.

ನಾಯಿಗೆ ಹೆಚ್ಚು ಸ್ವಾತಂತ್ರ್ಯ ಬೇಕಾದವರು ನ್ಯಾಷನಲ್ ಫಾರೆಸ್ಟ್‌ನತ್ತ ನೋಡಬೇಕು. ಅಲ್ಲಿ ಕ್ಯಾಂಪ್‌ಗ್ರೌಂಡ್, ಪಿಕ್ನಿಕ್ ತಾಣಗಳಂಥ ಅಭಿವೃದ್ಧಿಪಡಿಸಿದ ಜಾಗಗಳಲ್ಲಿ ಆರಡಿ ಬಾರು ಕಡ್ಡಾಯ, ಈಜುತಾಣಗಳಿಗೆ ನಾಯಿ ಬರಬಾರದು. ಅದರಾಚೆಗಿನ ಕಾಡಿನಲ್ಲಿ ದೇಶಕ್ಕೆಲ್ಲ ಒಂದೇ ಬಾರಿನ ನಿಯಮವಿಲ್ಲ. ಆದರೆ ಆಯಾ ಅರಣ್ಯದ ಕಚೇರಿ ಹೊರಡಿಸಿದ ಸ್ಥಳೀಯ ಆದೇಶ ಇರಬಹುದು, ಸ್ಥಳೀಯ ರೇಂಜರ್ ಕಚೇರಿಗೆ ಫೋನ್ ಮಾಡಿದರೆ ಹೇಳುತ್ತಾರೆ. ಪಾರ್ಕ್ ಸರ್ವಿಸ್ ನೆಲದಲ್ಲೂ ಒಂದು ಅಪರೂಪದ ವಿನಾಯಿತಿ ಇದೆ: ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಗೋಲ್ಡನ್ ಗೇಟ್ ವಿಹಾರ ಪ್ರದೇಶ. 1979ರ ನೀತಿಯ ಪ್ರಕಾರ ಫೋರ್ಟ್ ಫನ್‌ಸ್ಟನ್‌ನಂಥ ಕೆಲವು ಗುರುತಿಸಿದ ಜಾಗಗಳಲ್ಲಿ, ಮಾಲೀಕರ ಮಾತು ಕೇಳುವ ನಾಯಿಯನ್ನು ಬಾರಿಲ್ಲದೆ ಬಿಡಬಹುದು. ಅಲ್ಲಿಯೂ ಓಷನ್ ಬೀಚ್‌ನ ಒಂದು ಭಾಗದಲ್ಲಿ ಸ್ನೋಯಿ ಪ್ಲೋವರ್ ಎಂಬ ಪುಟ್ಟ ಹಕ್ಕಿಗಾಗಿ ವರ್ಷದ ಬಹುಪಾಲು ಬಾರು ಕಡ್ಡಾಯ. ಫಲಕ ಓದಿ ಮುಂದೆ ಹೋಗಿ.

ಎಲ್ಲಿ ಓದಬೇಕು ಎನ್ನುವವರಿಗೆ: ಪ್ರತಿ ನ್ಯಾಷನಲ್ ಪಾರ್ಕೂ "ಸೂಪರಿಂಟೆಂಡೆಂಟ್ಸ್ ಕಾಂಪೆಂಡಿಯಂ" ಎಂಬ ಸ್ಥಳೀಯ ನಿಯಮಗಳ ಸಂಗ್ರಹವನ್ನು ತನ್ನ ಜಾಲತಾಣದಲ್ಲಿ ಇಟ್ಟಿರುತ್ತದೆ. ಪ್ರವಾಸಿ ಬ್ಲಾಗುಗಳಿಗಿಂತ ಅದನ್ನೇ ನಂಬಿ.

ಅಂಗವೈಕಲ್ಯವುಳ್ಳವರ ಸೇವಾ ನಾಯಿಗೆ ಈ ನಿರ್ಬಂಧಗಳಲ್ಲಿ ಹೆಚ್ಚಿನವು ಅನ್ವಯಿಸುವುದಿಲ್ಲ. ಸಾರ್ವಜನಿಕರು ಹೋಗಬಹುದಾದ ಕಡೆಗೆಲ್ಲ ಸಾಮಾನ್ಯವಾಗಿ ಅದೂ ಹೋಗಬಹುದು. ಕಣ್ಣು ಕಾಣದವರಿಗೆ ದಾರಿ ತೋರಿಸುವುದು, ಮೂರ್ಛೆ ಬರುವ ಮುನ್ನ ಎಚ್ಚರಿಸುವುದು ಹೀಗೆ ನಿರ್ದಿಷ್ಟ ಕೆಲಸಕ್ಕೆ ತರಬೇತಿ ಪಡೆದ ನಾಯಿ ಅದಾಗಿರಬೇಕು. ಸಿಬ್ಬಂದಿ ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ, ಯಾವ ಕೆಲಸಕ್ಕೆ ಇದಕ್ಕೆ ತರಬೇತಿ ಕೊಡಲಾಗಿದೆ. ನಿಮ್ಮ ಕಾಯಿಲೆಯ ವಿವರವನ್ನಾಗಲಿ, ನಾಯಿಯ ಸರ್ಟಿಫಿಕೇಟನ್ನಾಗಲಿ ಕೇಳುವಂತಿಲ್ಲ, ಕೆಲಸ ಮಾಡಿ ತೋರಿಸಿ ಎನ್ನುವಂತಿಲ್ಲ. ಇದು ನಿಮ್ಮ ಹಕ್ಕು. ಯಾರಾದರೂ ಮೀರಿದರೆ ಮೇಲ್ವಿಚಾರಕರನ್ನು ಕಂಡು ಮಾತನಾಡಿ. ಮನಸ್ಸಿಗೆ ಸಮಾಧಾನ ಕೊಡುವ ನಾಯಿ ಈ ವರ್ಗಕ್ಕೆ ಸೇರುವುದಿಲ್ಲ. ಆನ್‌ಲೈನ್‌ನಲ್ಲಿ ಕಾಸಿಗೆ ಸಿಗುವ "ಸೇವಾ ನಾಯಿ" ಪ್ರಮಾಣಪತ್ರಕ್ಕೆ ಕಾನೂನಿನ ಬೆಲೆಯಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ತಿಳಿದೂ ತಿಳಿದೂ ಸೇವಾ ನಾಯಿಯೆಂದು ಸುಳ್ಳು ಹೇಳಿದರೆ ಆರು ತಿಂಗಳವರೆಗೆ ಸೆರೆ, 1,000 ಡಾಲರ್‌ವರೆಗೆ ದಂಡ, ಅಥವಾ ಎರಡೂ ಆಗಬಹುದು. ಆ ಸುಳ್ಳಿನಿಂದ ನಿಜವಾಗಿ ನೋಯುವವರು ನಾಯಿಯ ಆಸರೆಯಲ್ಲೇ ಬದುಕುವವರು.

ನಾಯಿ ತಪ್ಪಿಸಿಕೊಂಡರೆ ತಕ್ಷಣ ರೇಂಜರ್‌ಗೆ ತಿಳಿಸಿ. ಹಿಡಿತವಿಲ್ಲದೆ ಓಡಾಡುವ ನಾಯಿಯನ್ನು ಪಾರ್ಕ್ ಹಿಡಿದಿಟ್ಟುಕೊಳ್ಳಬಹುದು, ಊಟ, ಪಶುವೈದ್ಯರ ಖರ್ಚನ್ನು ಮಾಲೀಕರಿಂದ ವಸೂಲು ಮಾಡಬಹುದು. ಮಾಲೀಕರಿಗೆ ತಿಳಿಸಿದ 72 ಗಂಟೆಗಳ ನಂತರ, ಮಾಲೀಕರು ಯಾರೆಂದು ಗೊತ್ತಿಲ್ಲದಿದ್ದರೆ ಹಿಡಿದ 72 ಗಂಟೆಗಳ ನಂತರ, ಅದನ್ನು ದತ್ತು ಕೊಡಬಹುದು. ಕೊರಳಪಟ್ಟಿಯಲ್ಲಿ ಫೋನ್ ಸಂಖ್ಯೆ ಇರಲೇಬೇಕು. ಮನುಷ್ಯರ ಮೇಲೋ ವನ್ಯಜೀವಿಯ ಮೇಲೋ ಎರಗುತ್ತಿರುವ ನಾಯಿಯನ್ನು, ಅನಿವಾರ್ಯವಾದರೆ, ಕೊಲ್ಲುವ ಅಧಿಕಾರವೂ ನಿಯಮದಲ್ಲಿದೆ. ನಾಯಿ ಯಾರನ್ನಾದರೂ ಕಚ್ಚಿದರೆ ಕ್ಯಾಲಿಫೋರ್ನಿಯಾದಲ್ಲಿ "ಇದು ಹಿಂದೆಂದೂ ಕಚ್ಚಿರಲಿಲ್ಲ" ಎಂಬ ವಾದದಿಂದ ಮಾಲೀಕರು ಪರಿಹಾರದ ಹೊಣೆ ತಪ್ಪಿಸಿಕೊಳ್ಳಲಾಗದು.

ರಜೆಗೆ ಬೆಂಗಳೂರಿಗೆ ನಾಯಿಯನ್ನೂ ಕರೆದೊಯ್ಯುವವರಿಗೆ ಒಂದು ಮಾತು. ನಾಯಿಗಳ ರೇಬೀಸ್ ವಿಷಯದಲ್ಲಿ ಭಾರತ ಹೆಚ್ಚು ಅಪಾಯದ ದೇಶಗಳ ಪಟ್ಟಿಯಲ್ಲಿದೆ. 2024ರ ಆಗಸ್ಟ್ 1ರಿಂದ ಜಾರಿಯಾದ ನಿಯಮದಂತೆ, ಅಮೆರಿಕದಲ್ಲಿ ಲಸಿಕೆ ಪಡೆದ ನಾಯಿಯಾದರೆ ಆ ಲಸಿಕೆಯ ಅಧಿಕೃತ ಪ್ರಮಾಣಪತ್ರವನ್ನು ದೇಶ ಬಿಡುವ ಮೊದಲೇ ಮಾಡಿಸಬೇಕು. ಇಲ್ಲವಾದರೆ ಮರಳುವಾಗ ರಕ್ತಪರೀಕ್ಷೆ ಅಥವಾ 28 ದಿನದ ಕ್ವಾರಂಟೈನ್ ಎದುರಾಗುತ್ತದೆ.

ಕೊನೆಗೆ ಟಿಕೆಟ್. ಬಾರು ಬಿಚ್ಚಿದ್ದಕ್ಕೆ ರೇಂಜರ್ ಕೊಡುವ ನೋಟಿಸು ಫೆಡರಲ್ ಪ್ರಕರಣ. ಕಾನೂನಿನಲ್ಲಿ ಗರಿಷ್ಠ ಶಿಕ್ಷೆ ಆರು ತಿಂಗಳ ಸೆರೆ, 5,000 ಡಾಲರ್ ದಂಡ. ಟಿಕೆಟ್‌ನಲ್ಲಿ ಬರೆಯುವ ಮೊತ್ತ ಸಾಮಾನ್ಯವಾಗಿ ಇದಕ್ಕಿಂತ ಬಹಳ ಕಡಿಮೆ. ಟಿಕೆಟ್ ನಾಯಿಯ ಮಾಲೀಕರಿಗೇ ಬರಬೇಕೆಂದಿಲ್ಲ, ಆ ಹೊತ್ತಿನಲ್ಲಿ ನಾಯಿಯ ಜವಾಬ್ದಾರಿ ಹೊತ್ತಿದ್ದ ಅಜ್ಜನಿಗೂ ಬರಬಹುದು. ರೇಂಜರ್ ಜೊತೆ ಅಲ್ಲೇ ವಾದಕ್ಕೆ ಇಳಿಯಬೇಡಿ. ನೋಟಿಸಿನಲ್ಲಿ ಕೋರ್ಟಿಗೆ ಹಾಜರಾಗುವುದು ಕಡ್ಡಾಯ ಎಂದು ಗುರುತು ಹಾಕಿರದಿದ್ದರೆ ಎರಡು ದಾರಿಗಳಿವೆ: ಸೆಂಟ್ರಲ್ ವಯಲೇಷನ್ಸ್ ಬ್ಯೂರೋಗೆ ಹಣ ಕಟ್ಟಿ ಮುಗಿಸುವುದು, ಇಲ್ಲವೇ ಫೆಡರಲ್ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರ ಮುಂದೆ ಪ್ರಶ್ನಿಸುವುದು. ಹಣ ಕಟ್ಟಿದರೆ ವಿಚಾರಣೆಯ ಹಕ್ಕನ್ನು ಬಿಟ್ಟುಕೊಟ್ಟಂತೆ. ಫಲಕವೇ ಇರಲಿಲ್ಲ, ಅಥವಾ ಅದು ಸೇವಾ ನಾಯಿ ಎಂಬಂಥ ಗಟ್ಟಿ ಕಾರಣವಿದ್ದರೆ ಅದೇ ದಿನ ಸ್ಥಳದ ಫೋಟೊ ತೆಗೆದಿಡಿ. ಸುಮ್ಮನೆ ಬಿಟ್ಟರೆ ಸಮನ್ಸ್ ಅಥವಾ ಬಂಧನದ ವಾರಂಟ್ ಬರಬಹುದು. ಊರಿಗೆ ಹಿಂತಿರುಗುವ ಹಿರಿಯರು ಹೊರಡುವ ಮೊದಲೇ ಅದನ್ನು ಇತ್ಯರ್ಥ ಮಾಡಿಕೊಳ್ಳಲಿ.

ಕೋರ್ಟಿಗೆ ಹೋಗಬೇಕಾಗಿ ಬಂದು, ಇಂಗ್ಲಿಷ್ ಸರಿಯಾಗಿ ಅರ್ಥವಾಗದವರಾದರೆ, ಸರ್ಕಾರ ಹೂಡಿದ ಪ್ರಕರಣಗಳಲ್ಲಿ ದುಭಾಷಿಯನ್ನು ಒದಗಿಸಬೇಕೆಂದು ಫೆಡರಲ್ ಕಾನೂನು ಹೇಳುತ್ತದೆ. ಕನ್ನಡ ದುಭಾಷಿ ಬೇಕೆಂದು ಕೋರ್ಟಿನ ಗುಮಾಸ್ತರ ಕಚೇರಿಗೆ ಆದಷ್ಟು ಬೇಗ ತಿಳಿಸಿ. ಮಗನೋ ಮಗಳೋ ಪಕ್ಕದಲ್ಲಿ ನಿಂತು ಹೇಳಿಕೊಡುತ್ತಾರೆಂದು ನೆಚ್ಚಿಕೊಳ್ಳಬೇಡಿ. ಗ್ರೀನ್ ಕಾರ್ಡಿನ ಐ-485 ಅರ್ಜಿಯಲ್ಲೂ ಪೌರತ್ವದ ಎನ್-400 ಅರ್ಜಿಯಲ್ಲೂ, ಕಾನೂನು ಪಾಲನಾ ಅಧಿಕಾರಿಗಳು ನಿಮ್ಮನ್ನು ಎಂದಾದರೂ ಬಂಧಿಸಿದ್ದರೇ, ಸೈಟೇಶನ್ ಕೊಟ್ಟಿದ್ದರೇ ಎಂಬ ಪ್ರಶ್ನೆಯಿದೆ. ಟಿಕೆಟ್‌ನ ಪ್ರತಿ, ಹಣ ಕಟ್ಟಿದ ರಸೀದಿ, ಕೋರ್ಟಿನ ಆದೇಶ ಮೂರನ್ನೂ ಪಾಸ್‌ಪೋರ್ಟ್ ಜೊತೆಗೇ ಜೋಪಾನ ಮಾಡಿ, ಅರ್ಜಿ ತುಂಬುವಾಗ ನಿಮ್ಮ ಇಮಿಗ್ರೇಷನ್ ವಕೀಲರಿಗೆ ಮುಚ್ಚಿಡದೆ ತೋರಿಸಿ.